ಎಂಜಿನ್ನು ಕಾದರೆ ತಪ್ಪು ಯಾರದು?

ಹೇಮಾವತಿ ನದಿಯ ಉಗಮಸ್ಥಾನವಾದ ಜಾವಳಿಯ ಸುತ್ತಮುತ್ತ ತಿರುಗಾಡಿದವರು, ಕಾಫಿ ತೋಟದ ಮನೆಗಳ ಅಂಗಳದಲ್ಲಿ ಒಂದು ಹಳೆಯ ಜೀಪನ್ನೋ ಅಂಬಾಸಡರ್ ಕಾರನ್ನೋ ಕಾಣದೆ ಹಿಂದಿರುಗಿರಲಾರರು. ಬ್ರಿಟನ್ನಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ 1950ರ ದಶಕದ ಕೊನೆಯಲ್ಲಿ ಹುಟ್ಟಿದ ಅಂಬಾಸಡರ್, ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾಗುತ್ತಿತ್ತು. ಈಗ ಅದರ ತಯಾರಿಕೆ ನಿಂತಿದೆ. ಹೀಗಾಗಿ ಕೆಟ್ಟುಹೋಗದ ಒಂದು ಭಾಗವನ್ನು ಕೆಟ್ಟಿತೆಂದು ಭಾವಿಸಿ ಕಿತ್ತೆಸೆಯುವುದು ಹಿಂದೆಂದಿಗಿಂತ ಇಂದು ದೊಡ್ಡ ನಷ್ಟ. ಈ ನಷ್ಟ ಎಲ್ಲಕ್ಕಿಂತ ಹೆಚ್ಚಾಗಿ ಆಗುವುದು ಎಂಜಿನ್ನು ‘ಕಾಯುವ’ ಸಂದರ್ಭದಲ್ಲಿ ಎಂಬುದು ನನ್ನ ಅನುಭವ.

ನನ್ನ ಸೋದರಮಾವನವರ ಅಂಬಾಸಡರ್ ಕಾರಿಗೆ ಈ ರೋಗ ತಗಲಿತ್ತು. ಕೊಟ್ಟಿಗೆಹಾರದಿಂದ ಮೂಡಿಗೆರೆಗೆ ಹೋಗಿಬರುವಾಗ ಅದು ಸಾಧುವಾಗಿರುತ್ತಿತ್ತು. ಉಜಿರೆಯ ಕಡೆಯಿಂದ ಚಾರ್ಮಾಡಿ ಘಟ್ಟವನ್ನೇರುವಾಗ ಮಾತ್ರ ಅರ್ಧ ದಾರಿ ಕಳೆದ ಮೇಲೆ ಬುಸುಗುಟ್ಟಿ ನೀರುಗುಳುತ್ತಿತ್ತು. ಮೊದಲನೆಯ ಮೆಕ್ಯಾನಿಕ್ಕು ಥರ್ಮೋಸ್ಟಾಟನ್ನು ತೆಗೆದುಹಾಕಿದರು. ಎರಡನೆಯವರು ನೀರಿನ ಪಂಪನ್ನು ಬದಲಿಸಿದರು. ಮೂರನೆಯವರು ಹೆಡ್ ಗ್ಯಾಸ್ಕೆಟ್ಟು ಹೋಗಿದೆ, ಎಂಜಿನ್ನು ಬಿಚ್ಚಬೇಕು ಎಂದರು. ಮಾವನವರು ಬೇಸತ್ತು, “ಇನ್ನು ಗುಜರಿಗೆ ಹಾಕುವುದೇ ಸರಿ, ಮಾರಾಯ” ಎಂದರು. ಅವರ ಮದುವೆಯ ದಿಬ್ಬಣ ಹೋದ ಕಾರು ಅದು. ಆ ಮಾತನ್ನು ಕೇಳಿ ನನಗೂ ಸಂಕಟವಾಯಿತು.

ಮೂವರೂ ಅಪ್ರಾಮಾಣಿಕರಲ್ಲ. ಆದರೆ ಮೂವರೂ ಉತ್ತರದಿಂದ ಆರಂಭಿಸಿದರು. ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಇಲ್ಲಿ ಪ್ರಶ್ನೆ ಒಂದಲ್ಲ, ಎರಡು. ಎಂಜಿನ್ನು ಮಿತಿಮೀರಿ ಕಾಯುತ್ತಿದೆಯೇ ಎಂಬುದು ಒಂದು. ನೀರು ಕುದಿಯಬಾರದಷ್ಟು ಬೇಗ ಕುದಿಯುತ್ತಿದೆಯೇ ಎಂಬುದು ಇನ್ನೊಂದು. ಇವೆರಡೂ ಒಂದೇ ಎಂದು ಭಾವಿಸುವುದೇ ಸಮಸ್ತ ಗೊಂದಲದ ಮೂಲ.

ನೀರು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುತ್ತದೆಂದು ಶಾಲೆಯ ಮಗುವೂ ಬಲ್ಲದು. ಅದು ಸಮುದ್ರಮಟ್ಟದ ಮಾತು. ಸುಮಾರು 300 ಮೀಟರು ಮೇಲೇರಿದಂತೆಲ್ಲ ಕುದಿಬಿಂದು ಒಂದು ಡಿಗ್ರಿಯಷ್ಟು ಇಳಿಯುತ್ತದೆ. 900 ಮೀಟರಿಗೂ ಎತ್ತರದಲ್ಲಿರುವ ಮೂಡಿಗೆರೆಯ ಸೀಮೆಯಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಇದನ್ನು ಅರಿತೇ ಎಂಜಿನಿಯರರು ರೇಡಿಯೇಟರಿಗೆ ಸ್ಪ್ರಿಂಗಿನ ಮುಚ್ಚಳವನ್ನು ಹಾಕಿದರು. ಆ ಕಾಲದ ಕಾರುಗಳ ಮುಚ್ಚಳಗಳು ಸಾಮಾನ್ಯವಾಗಿ ಚದರ ಅಂಗುಲಕ್ಕೆ 4ರಿಂದ 7 ಪೌಂಡುಗಳ ಹೆಚ್ಚುವರಿ ಒತ್ತಡವನ್ನು ಒಳಗೆ ಹಿಡಿದಿಡುತ್ತಿದ್ದವು. 7 ಪೌಂಡಿನ ಮುಚ್ಚಳ ಸರಿಯಾಗಿದ್ದರೆ ನಮ್ಮ ಘಟ್ಟದ ನೆತ್ತಿಯಲ್ಲೂ ನೀರು ಸುಮಾರು 109 ಡಿಗ್ರಿಯವರೆಗೆ ಕುದಿಯದು. ಅಂಗೈಯಗಲದ ಆ ತಗಡು ಹನ್ನೆರಡು ಡಿಗ್ರಿಗಳ ರಕ್ಷಣೆಯನ್ನು ಕೊಡುತ್ತದೆ.

ಆ ರಕ್ಷಣೆ ಘಟ್ಟದಲ್ಲಿ ಏಕೆ ಬೇಕೆಂಬುದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಜನರೂ ಸಾಮಾನೂ ಸೇರಿ 1400 ಕಿಲೋಗ್ರಾಂ ತೂಗುವ ಕಾರು 700 ಮೀಟರು ಎತ್ತರಕ್ಕೆ ಏರುತ್ತದೆಂದಿಟ್ಟುಕೊಳ್ಳಿ. ಗುರುತ್ವಕ್ಕೆ ಎದುರಾಗಿ ಅದು ಮಾಡುವ ಕೆಲಸ ಸುಮಾರು 96 ಲಕ್ಷ ಜೌಲುಗಳು. ಪೆಟ್ರೋಲಿನ ಶಕ್ತಿಯಲ್ಲಿ ಕೆಲಸವಾಗಿ ಒದಗುವಷ್ಟೇ ಪಾಲು, ಹೆಚ್ಚೂಕಡಿಮೆ, ಶಾಖವಾಗಿ ನೀರಿಗೂ ಸೇರುತ್ತದೆ. ಆ ಶಾಖ ಕುದಿಯುತ್ತಿರುವ ನಾಲ್ಕು ಲೀಟರು ನೀರನ್ನು ಪೂರ್ತಿಯಾಗಿ ಆವಿ ಮಾಡಲು ಸಾಕು! ಇಷ್ಟನ್ನೂ ರೇಡಿಯೇಟರು ಗಾಳಿಗೆ ದಾಟಿಸಬೇಕು. ಆದರೆ ಏರಿನಲ್ಲಿ ಕಾರಿನ ವೇಗ ಕಡಿಮೆ. ಎದುರಿನಿಂದ ನುಗ್ಗುವ ಗಾಳಿಯೂ ಕಡಿಮೆ. ಬಯಲಿನಲ್ಲಿ ಅಡಗಿರುವ ದೋಷವನ್ನು ಘಟ್ಟ ಬಯಲಿಗೆಳೆಯುವುದು ಹೀಗೆ.

ನಾನು ಪ್ರಯೋಗಶಾಲೆಯ ಒಂದು ಉಷ್ಣಮಾಪಕವನ್ನು ಹಿಡಿದುಕೊಂಡು ಜಾವಳಿಗೆ ಹೋದೆ. ತೆಗೆದಿಟ್ಟಿದ್ದ ಥರ್ಮೋಸ್ಟಾಟನ್ನು ಅಡಿಗೆಮನೆಯ ಪಾತ್ರೆಯ ನೀರಿನಲ್ಲಿ ಕಾಯಿಸಿ ನೋಡಿದಾಗ ಅದು 80 ಡಿಗ್ರಿಯ ಸುಮಾರಿಗೆ ಬಾಯಿ ತೆರೆಯಿತು. ಅದು ನಿರ್ದೋಷಿಯೆಂದು ತಿಳಿದು ಮತ್ತೆ ಜೋಡಿಸಿದೆವು. ಬೆಳಗಿನ ತಣ್ಣನೆಯ ಎಂಜಿನ್ನನ್ನು, ಮುಚ್ಚಳ ತೆಗೆದಿಟ್ಟು, ಇಪ್ಪತ್ತು ನಿಮಿಷ ನಿಂತಲ್ಲೇ ಓಡಿಸಿದೆವು. ರೇಡಿಯೇಟರಿನ ಬಾಯಲ್ಲಿ ನೀರು ಸುತ್ತುತ್ತಿತ್ತು, ಪಂಪು ಸರಿ. ಗುಳ್ಳೆಗಳು ಏಳಲಿಲ್ಲ, ಗ್ಯಾಸ್ಕೆಟ್ಟಿನ ಮೇಲಿನ ಸಂಶಯ ಬಹುಮಟ್ಟಿಗೆ ದೂರವಾಯಿತು. ಉಷ್ಣತೆ 84ರಲ್ಲಿ ಸ್ಥಿರವಾಯಿತು, ಫ್ಯಾನೂ ಸರಿ. ಡ್ಯಾಷ್‌ಬೋರ್ಡಿನ ಮುಳ್ಳು ಉಷ್ಣಮಾಪಕಕ್ಕೆ ಹೊಂದುತ್ತಿತ್ತು. ಮರುದಿನ ಘಟ್ಟವೇರಿದಾಗ ನೀರುಕ್ಕಿದ ಕ್ಷಣದಲ್ಲಿ ಆ ಮುಳ್ಳು ನೂರನ್ನು ಮುಟ್ಟಿರಲೇ ಇಲ್ಲ. ಅಂದರೆ ಮುಚ್ಚಳವಿತ್ತು, ಒತ್ತಡವಿರಲಿಲ್ಲ. ತಣಿದ ಮೇಲೆ ತೆಗೆದು ನೋಡಿದರೆ ಒಳಗಿನ ರಬ್ಬರು ಬಳೆ ಕಲ್ಲಿನಂತಾಗಿ ಬಿರುಕುಬಿಟ್ಟಿತ್ತು.

ಪತ್ತೆಯಾಯಿತೆಂದು ನಾನು ಬೀಗಿದೆ. ಕೊಟ್ಟಿಗೆಹಾರದ ಒಬ್ಬ ವೃದ್ಧ ಮೆಕ್ಯಾನಿಕ್ಕು ನನ್ನ ವಿವರಣೆಯನ್ನೆಲ್ಲ ಸಮಾಧಾನದಿಂದ ಕೇಳಿದರು. ಬಳಿಕ ಎಂಜಿನ್ನು ನಿಲ್ಲಿಸಿಸಿ, ರೇಡಿಯೇಟರಿನ ಮುಖದ ಮೇಲೆ ಅಂಗೈಯನ್ನು ಮೆಲ್ಲನೆ ಮೇಲಿನಿಂದ ಕೆಳಕ್ಕೆ ಆಡಿಸಿದರು. “ಇಲ್ಲಿ ಮುಟ್ಟಿ ನೋಡಿ ಸಾರ್” ಎಂದರು. ಸುತ್ತಲೂ ಸುಡುತ್ತಿದ್ದರೂ ಕೆಳಭಾಗದಲ್ಲಿ ಎರಡು ಕೈಯಗಲದ ಜಾಗ ತಣ್ಣಗಿತ್ತು. ಅಲ್ಲಿಯ ಕೊಳವೆಗಳಲ್ಲಿ ನೀರೇ ಹರಿಯುತ್ತಿರಲಿಲ್ಲ. ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿ ತೊಳೆದಾಗ ಕೆಂಪು ಕೆಸರು ಬಂದಿತು. ಮಳೆಗಾಲದಲ್ಲಿ ಘಟ್ಟದ ತೊರೆಗಳಿಂದ ತುಂಬಿದ ನೀರಿನ ಜೊತೆ ವರುಷಗಟ್ಟಲೆ ಒಳಸೇರಿದ ಮಣ್ಣು ಅದು. ತಪ್ಪು ಕಾರಿನದೂ ಅಲ್ಲ, ಕಾರು ಮಾಡಿದವರದೂ ಅಲ್ಲ, ನಮ್ಮದು. ಹೊಸ ಮುಚ್ಚಳ ಹಾಕಿ ಚಾರ್ಮಾಡಿಯನ್ನೇರಿದೆವು. ಮುಳ್ಳು ಏರಿತು, ಆದರೆ ನೀರು ಉಕ್ಕಲಿಲ್ಲ.

ಈ ಪ್ರಸಂಗದಿಂದ ಎರಡು ಮಾತುಗಳನ್ನು ಒತ್ತಿ ಹೇಳಬಯಸುತ್ತೇನೆ. ಥರ್ಮೋಸ್ಟಾಟನ್ನು ಕಿತ್ತರೆ ಎಂಜಿನ್ನು ತಂಪಾಗಿರುವುದೆಂಬ ನಂಬಿಕೆಯೂ, ನೀರು ಬೇಗ ಹರಿದರೆ ತಣಿಯಲು ಸಮಯ ಸಿಗದೆಂಬ ಪ್ರತಿನಂಬಿಕೆಯೂ ಎರಡೂ ಸರಿಯಲ್ಲ. ಬೇಗ ಹರಿಯುವ ನೀರು ಒಂದು ಸುತ್ತಿನಲ್ಲಿ ಕಡಿಮೆ ತಣಿದರೂ ಹೆಚ್ಚು ಸುತ್ತು ಬರುತ್ತದೆ. ಥರ್ಮೋಸ್ಟಾಟು ಇಲ್ಲದ್ದರ ನಿಜವಾದ ಕೇಡೆಂದರೆ, ಮಲೆನಾಡಿನ ಚಳಿಯಲ್ಲಿ ಎಂಜಿನ್ನು ತಕ್ಕ ಶಾಖಕ್ಕೆ ಬಾರದೆ ಸವೆಯುವುದು, ಪೆಟ್ರೋಲು ಹೆಚ್ಚು ಕುಡಿಯುವುದು. ಅದು ಮುಚ್ಚಿಯೇ ಸಿಕ್ಕಿಕೊಂಡಿದ್ದರೆ ಬದಲಿಸಬೇಕು, ಬರಿದಾಗಿ ಬಿಡಬಾರದು.

ಎರಡನೆಯದು ಜೀವಕ್ಕೆ ಸಂಬಂಧಿಸಿದ್ದು. ಕಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಬೇಡಿ. ಒತ್ತಡದಲ್ಲಿ 105 ಡಿಗ್ರಿಯಲ್ಲೂ ದ್ರವವಾಗಿದ್ದ ನೀರು, ಒತ್ತಡ ಹೋದೊಡನೆ ಕುದಿದು ಮುಖಕ್ಕೆ ಎರಚುತ್ತದೆ. ವಿದ್ಯಾರ್ಥಿದೆಸೆಯಲ್ಲಿ ಈ ಆತುರವನ್ನು ಮಾಡಿದ ನನ್ನ ಬಲಗೈಯಲ್ಲಿ ಆ ಕಲೆ ಇನ್ನೂ ಇದೆ. ಆಗ ನಾನು ಒತ್ತಡಕ್ಕೂ ಕುದಿಬಿಂದುವಿಗೂ ಇರುವ ಸಂಬಂಧವನ್ನು ಪರೀಕ್ಷೆಯಲ್ಲಿ ಬರೆದು ಪೂರ್ಣ ಅಂಕಗಳನ್ನು ಪಡೆದಿದ್ದೆ! ಅರ್ಧ ಗಂಟೆ ಕಾಯುವುದು ಅವಮಾನವಲ್ಲ. ಕಾದ ಎಂಜಿನ್ನಿಗೆ ಒಮ್ಮೆಲೇ ತಣ್ಣೀರು ಸುರಿಯುವುದೂ ಸಲ್ಲದು, ಬೀಡುಕಬ್ಬಿಣ ಬಿರಿಯಬಹುದು.

ನನ್ನ ಕೈಯ ಕಲೆ ನಮ್ಮ ಶಿಕ್ಷಣದ ಮೇಲಿನ ಟೀಕೆಯೂ ಹೌದು. ಬೋರಲು ಹಾಕಿದ ಗಾಜಿನ ಬುರುಡೆಗೆ ತಣ್ಣೀರು ಸುರಿದು ಒಳಗಿನ ನೀರನ್ನು ಮತ್ತೆ ಕುದಿಸುವ ಪ್ರಯೋಗವನ್ನು ನಾವು ಪ್ರತಿವರ್ಷ ತೋರಿಸುತ್ತೇವೆ. ಅದೇ ತತ್ತ್ವ ಕಾಲೇಜಿನ ಬಾಗಿಲಲ್ಲಿ ನಿಂತ ಬಸ್ಸಿನಲ್ಲಿಯೂ ಇದೆಯೆಂದು ಹೇಳುವುದಿಲ್ಲ. ಗ್ಯಾರೇಜಿನ ಎಣ್ಣೆಮಸಿ ಪಾಠಕ್ಕೆ ತಕ್ಕುದಲ್ಲವೆಂದು ಕೆಲವರು ಆಕ್ಷೇಪಿಸಬಹುದು. ಇನ್ನು ಕೆಲವರು, ಅನುಭವಸ್ಥನಿಗೆ ಉಷ್ಣಮಾಪಕವೇಕೆ ಎನ್ನಬಹುದು. ಮುಚ್ಚಳದ ದೋಷವನ್ನು ಅಂಗೈ ಹೇಳುತ್ತಿರಲಿಲ್ಲ. ಕಟ್ಟಿಕೊಂಡ ಕೊಳವೆಯನ್ನು ನನ್ನ ಉಷ್ಣಮಾಪಕ ಹೇಳಲಿಲ್ಲ. ಎರಡೂ ಸೇರಿದಾಗ ಒಂದು ಕಾರು ಗುಜರಿಯಿಂದ ಉಳಿಯಿತು.

ಆದುದರಿಂದ ಮಲೆನಾಡಿನ ಪ್ರತಿಯೊಂದು ಕಾಲೇಜೂ ವರ್ಷಕ್ಕೆ ಒಂದು ದಿನವಾದರೂ ಭೌತವಿಜ್ಞಾನದ ವಿದ್ಯಾರ್ಥಿಗಳನ್ನು ಗ್ಯಾರೇಜಿಗೆ ಕರೆದೊಯ್ಯಲಿ. ಪ್ರತಿಯೊಂದು ಗ್ಯಾರೇಜೂ ಸ್ಪ್ಯಾನರುಗಳ ಪಕ್ಕದಲ್ಲಿ ಒಂದು ಉಷ್ಣಮಾಪಕವನ್ನು ತೂಗುಹಾಕಲಿ. ಬಿಚ್ಚುವ ಮೊದಲು ಅಳೆಯೋಣ. ಅಳೆಯುವ ಮೊದಲು, ಎಲ್ಲಿ, ಯಾವಾಗ, ಎಷ್ಟು ಎಂದು ಕೇಳೋಣ. ಮಾವನವರ ಕಾರು ಈಗಲೂ ಘಟ್ಟವೇರುತ್ತಿದೆ. ಅದರ ಡಿಕ್ಕಿಯಲ್ಲಿ ಒಂದು ಕ್ಯಾನು ತಿಳಿನೀರು ಇರುತ್ತದೆ.