ಸೊಲ್ಲಾಪುರದ ಖಾಸದಾರರು ಮತ್ತು ನಮ್ಮ ಕನ್ನಡ: 1952ರಿಂದ 2024ರ ತನಕ ಒಂದು ಲೆಕ್ಕ



ಇಲೆಕ್ಷನ್ ಬಂತೆಂದರೆ ಅಕ್ಕಲಕೋಟ ತಾಲೂಕಿನಲ್ಲಿ ಪ್ರಚಾರದ ಗಾಡಿಗಳಿಗೂ ಕನ್ನಡ ಬರುತ್ತದೆ. ದುಧನಿ, ಮೈಂದರ್ಗಿ, ನಾಗಣಸೂರ, ಕರಜಗಿ, ತಡವಳ ಕಡೆ ಬರುವ ಅಭ್ಯರ್ಥಿ ಮರಾಠಿಯಲ್ಲಿ ಭಾಷಣ ಶುರು ಮಾಡಿದರೂ ನಾಲ್ಕು ಮಾತು ಕನ್ನಡದಲ್ಲಿ ಆಡಿಯೇ ವೇದಿಕೆ ಇಳಿಯುತ್ತಾರೆ. ಮತ ಎಣಿಕೆ ಮುಗಿದ ಮೇಲೆ ಆ ಕನ್ನಡ ಎಲ್ಲಿ ಹೋಗುತ್ತದೆ ಎಂದು ನಮ್ಮ ಸಭೆಗಳಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಸಿಟ್ಟಿನಿಂದ ಕೇಳಿದ್ದೇವೆಯೇ ಹೊರತು ಲೆಕ್ಕ ಹಾಕಿ ಕೇಳಿಲ್ಲ. ಈ ಬಾರಿ ಸೊಲ್ಲಾಪುರ ಲೋಕಸಭಾ ಮತಕ್ಷೇತ್ರದ ಎಪ್ಪತ್ತು ವರ್ಷಗಳ ಲೆಕ್ಕವನ್ನು ಸದಸ್ಯರ ಮುಂದೆ ಇಡುತ್ತಿದ್ದೇವೆ.

ಮೊದಲ ದಿನಗಳು

ಅಕ್ಕಲಕೋಟ ಭೋಸಲೆ ಮನೆತನದ ಸಂಸ್ಥಾನವಾಗಿತ್ತು. 1948ರಲ್ಲಿ ವಿಲೀನವಾಗಿ ಆಗಿನ ಮುಂಬಯಿ ಪ್ರಾಂತದ ಸೊಲ್ಲಾಪುರ ಜಿಲ್ಲೆಗೆ ಸೇರಿತು. ಸಿದ್ಧರಾಮೇಶ್ವರರ ಈ ನೆಲದಲ್ಲಿ 1950ರಲ್ಲಿ ಎಂ. ಆರ್. ಶ್ರೀನಿವಾಸಮೂರ್ತಿಯವರ ಅಧ್ಯಕ್ಷತೆಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ, ಈ ಭಾಗವೂ ಏಕೀಕೃತ ಕರ್ನಾಟಕದಲ್ಲಿ ಇರುತ್ತದೆ ಎಂಬ ಆಸೆ ನಮ್ಮ ಹಿರಿಯರಲ್ಲಿತ್ತು.

1952ರ ಮೊದಲ ಚುನಾವಣೆಯಲ್ಲಿ ಸೊಲ್ಲಾಪುರ ಇಬ್ಬರು ಸದಸ್ಯರ ಕ್ಷೇತ್ರ. ಶೇತಕರಿ ಕಾಮಗಾರ ಪಕ್ಷದ ಶಂಕರ ಶಾಂತಾರಾಮ ಮೋರೆ ಮತ್ತು ಪರಿಶಿಷ್ಟ ಜಾತಿಗಳ ಒಕ್ಕೂಟದ ಪಿ. ಎನ್. ರಾಜಭೋಜ ಗೆದ್ದರು. ಡಾ. ಅಂಬೇಡ್ಕರ್ ಅವರ ಆ ಪಕ್ಷಕ್ಕೆ ಆಗ ಇಡೀ ದೇಶದಲ್ಲಿ ಸಿಕ್ಕಿದ್ದು ಎರಡೇ ಲೋಕಸಭಾ ಸ್ಥಾನ. ಅದರಲ್ಲಿ ಒಂದು ನಮ್ಮದು. ಗಿರಣಿ ಕಾಮಗಾರರ ಊರು ಮೊದಲ ಚುನಾವಣೆಯಲ್ಲೇ ಕಾಂಗ್ರೆಸ್ಸನ್ನು ಬದಿಗಿಟ್ಟಿತ್ತು ಎಂಬುದನ್ನು ಇಂದು ಬಹಳ ಜನ ಮರೆತಿದ್ದಾರೆ.

1956ರಲ್ಲಿ ರಾಜ್ಯಗಳ ಮರುವಿಂಗಡಣೆಯಾಯಿತು. ಸೊಲ್ಲಾಪುರ, ಅಕ್ಕಲಕೋಟ ಎರಡೂ ಮುಂಬಯಿ ರಾಜ್ಯದಲ್ಲೇ ಉಳಿದವು. ಅಕ್ಕಲಕೋಟ ಮತ್ತು ದಕ್ಷಿಣ ಸೊಲ್ಲಾಪುರದ ಕನ್ನಡ ಪ್ರದೇಶ ಕರ್ನಾಟಕಕ್ಕೆ ಬರಬೇಕೆಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಆ ವರದಿ ಕಾಗದದಲ್ಲೇ ಉಳಿಯಿತು. ಗಡಿ ವಿಚಾರವಾಗಿ ಮಹಾರಾಷ್ಟ್ರ 2004ರಲ್ಲಿ ಹೂಡಿದ ದಾವೆ ಸುಪ್ರೀಂ ಕೋರ್ಟಿನಲ್ಲಿದೆ.

ಮೂವತ್ತು ವರ್ಷ ಒಂದೇ ಪಕ್ಷ

1961ರಲ್ಲಿ ಇಬ್ಬರು ಸದಸ್ಯರ ಪದ್ಧತಿ ರದ್ದಾದ ಮೇಲೆ 1962ರಲ್ಲಿ ಲಿಂಗಾಯತ ಮನೆತನದ ಮಡೆಪ್ಪ ಕಾಡಾದಿ ಕಾಂಗ್ರೆಸ್ಸಿನಿಂದ ಗೆದ್ದರು. 1967, 1971 ಮತ್ತು 1977ರಲ್ಲಿ ಉದ್ಯಮಿ ಸೂರಜರತನ ದಮಾಣಿ, 1980 ಮತ್ತು 1984ರಲ್ಲಿ ಗಂಗಾಧರ ಕುಚನ್, 1989 ಮತ್ತು 1991ರಲ್ಲಿ ಧರ್ಮಣ್ಣ ಸಾದುಲ ಗೆದ್ದರು. ಎಂಟು ಚುನಾವಣೆ, ಎಂಟೂ ಕಾಂಗ್ರೆಸ್ಸಿಗೆ.

ಈ ಹೆಸರುಗಳನ್ನು ನಾವು ಗಮನವಿಟ್ಟು ನೋಡಬೇಕು. ದಮಾಣಿ ಮಾರವಾಡಿ ಸಮಾಜದವರು. ಕುಚನ್ ಮತ್ತು ಸಾದುಲ ತೆಲುಗು ಮಾತನಾಡುವ ಪದ್ಮಸಾಲಿ ನೇಕಾರ ಸಮಾಜದಿಂದ ಬಂದವರು. ಮರಾಠಿ ರಾಜ್ಯದ ಜಿಲ್ಲಾ ಕೇಂದ್ರ ದೀರ್ಘಕಾಲ ಮರಾಠಿ ಮಾತೃಭಾಷೆಯಲ್ಲದವರನ್ನು ದಿಲ್ಲಿಗೆ ಕಳಿಸಿತು. ಮರಾಠಿ, ಕನ್ನಡ, ತೆಲುಗು, ಉರ್ದು ನಾಲ್ಕೂ ಒಂದೇ ಗಲ್ಲಿಯಲ್ಲಿ ಕೇಳಿಸುವ ಊರಿನಲ್ಲಿ ಅಭ್ಯರ್ಥಿಯ ಮನೆಮಾತು ಅಡ್ಡಿಯಾಗಲಿಲ್ಲ. ಮಗ್ಗ, ಗಿರಣಿ, ವ್ಯಾಪಾರ, ಸಹಕಾರಿ ಸಂಘ, ಜಾತಿ ಇವು ಮತವನ್ನು ನಿರ್ಧರಿಸಿದವು. ಇದು ಸೊಲ್ಲಾಪುರದ ದೊಡ್ಡತನ. ಭಾಷೆ ಅಡ್ಡಿಯಾಗದ ಕಡೆ ಅದು ಬೇಡಿಕೆಯೂ ಆಗಲಿಲ್ಲ ಎಂಬುದು ಅದರ ಇನ್ನೊಂದು ಮುಖ.

1996ರ ನಂತರ

1996ರಿಂದ ಚಿತ್ರ ಪೂರ್ತಿ ಬದಲಾಯಿತು:

1996: ಲಿಂಗರಾಜ ವಲ್ಯಾಳ, ಬಿಜೆಪಿ
1998: ಸುಶೀಲಕುಮಾರ ಶಿಂದೆ, ಕಾಂಗ್ರೆಸ್
1999: ಸುಶೀಲಕುಮಾರ ಶಿಂದೆ, ಕಾಂಗ್ರೆಸ್
2003 (ಉಪಚುನಾವಣೆ): ಪ್ರತಾಪಸಿಂಹ ಮೋಹಿತೆ ಪಾಟೀಲ, ಬಿಜೆಪಿ
2004: ಸುಭಾಷ ದೇಶಮುಖ, ಬಿಜೆಪಿ
2009: ಸುಶೀಲಕುಮಾರ ಶಿಂದೆ, ಕಾಂಗ್ರೆಸ್
2014: ಶರದ ಬನಸೋಡೆ, ಬಿಜೆಪಿ
2019: ಜಯಸಿದ್ಧೇಶ್ವರ ಶಿವಾಚಾರ್ಯ ಸ್ವಾಮೀಜಿ, ಬಿಜೆಪಿ
2024: ಪ್ರಣಿತಿ ಶಿಂದೆ, ಕಾಂಗ್ರೆಸ್

ಒಂಬತ್ತು ಸ್ಪರ್ಧೆಗಳಲ್ಲಿ ಬಿಜೆಪಿಗೆ ಐದು, ಕಾಂಗ್ರೆಸ್ಸಿಗೆ ನಾಲ್ಕು. ಯಾವ ಪಕ್ಷವೂ ಸತತ ಮೂರನೇ ಸಲ ಗೆದ್ದಿಲ್ಲ. ಮುಖ್ಯಮಂತ್ರಿಯಾಗಲೆಂದು ಶಿಂದೆಯವರು 2003ರಲ್ಲಿ ಬಿಟ್ಟುಕೊಟ್ಟ ಸ್ಥಾನವನ್ನೇ ಅವರ ಪಕ್ಷ ಉಳಿಸಿಕೊಳ್ಳಲಿಲ್ಲ. ಮುಂದಿನ ವರ್ಷ ಅವರ ಪತ್ನಿ ಉಜ್ವಲಾ ಶಿಂದೆ ನಿಂತಾಗಲೂ ಸೋತರು. ಕೇಂದ್ರ ಗೃಹಮಂತ್ರಿಯಾಗಿದ್ದಾಗಲೇ 2014ರಲ್ಲಿ ಸ್ವತಃ ಶಿಂದೆಯವರು ಸೋತರು. ಈ ಕ್ಷೇತ್ರ ಯಾರ ಕಿಸೆಯಲ್ಲೂ ಇಲ್ಲ.

ನಡುವೆ ಕ್ಷೇತ್ರದ ಮೇರೆಯೂ ಬದಲಾಯಿತು. 2008ರ ಪುನರ್ವಿಂಗಡಣೆಯಲ್ಲಿ ಪಂಢರಪುರ ಮೀಸಲು ಕ್ಷೇತ್ರ ಇಲ್ಲವಾಗಿ ಮಾಢಾ ಕ್ಷೇತ್ರ ಹುಟ್ಟಿತು. ಸೊಲ್ಲಾಪುರ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಈಗ ಇದರಲ್ಲಿ ಅಕ್ಕಲಕೋಟ, ಸೊಲ್ಲಾಪುರ ದಕ್ಷಿಣ, ಸೊಲ್ಲಾಪುರ ನಗರ ಉತ್ತರ, ನಗರ ಮಧ್ಯ, ಮೋಹೋಳ ಮತ್ತು ಪಂಢರಪುರ ಎಂಬ ಆರು ವಿಧಾನಸಭಾ ಕ್ಷೇತ್ರಗಳಿವೆ. ಕನ್ನಡ ದಟ್ಟವಾಗಿರುವುದು ಮೊದಲ ಎರಡರಲ್ಲಿ, ಅಲ್ಲಿಂದ ನಗರದ ಬಡಾವಣೆಗಳಲ್ಲಿ.

ಅಂಕಿಗಳು ಹೇಳುವುದು

ಶಿಂದೆಯವರಿಗೆ 2009ರಲ್ಲಿ ಬಿದ್ದ ಮತ 3,87,591. ಗೆಲುವಿನ ಅಂತರ 99,632. 2014ರಲ್ಲಿ ಬಿದ್ದದ್ದು 3,68,205. ಸೋಲಿನ ಅಂತರ 1,49,674. 2019ರಲ್ಲಿ ಬಿದ್ದದ್ದು 3,66,377. ಸೋಲಿನ ಅಂತರ 1,58,608. ಗೆದ್ದಾಗಲೂ ಸೋತಾಗಲೂ ಅವರ ಮತ ಮೂರೂಮುಕ್ಕಾಲು ಲಕ್ಷದ ಆಚೀಚೆಯೇ ಇದೆ. ಏರಿದ್ದು ಎದುರಾಳಿಯ ಮತ: 2,87,959 ಇದ್ದದ್ದು 2014ರಲ್ಲಿ 5,17,879 ಆಯಿತು. ಎಂದರೆ ಸಾಮಾನ್ಯವಾಗಿ ಮತಗಟ್ಟೆಗೆ ಬಾರದವರು, ಹೊಸ ಮತದಾರರು ಮತ್ತು ಸಣ್ಣ ಪಕ್ಷಗಳ ಮತದಾರರು ಯಾವ ಕಡೆ ವಾಲುತ್ತಾರೋ ಆ ಕಡೆ ಗೆಲುವು.

2019ರಲ್ಲಿ ಇನ್ನೊಂದು ಮಾತು ಸೇರಿಕೊಂಡಿತು. ವಂಚಿತ ಬಹುಜನ ಆಘಾಡಿಯಿಂದ ಪ್ರಕಾಶ ಅಂಬೇಡ್ಕರ್ ಅವರೇ ಇಲ್ಲಿ ನಿಂತು 1,70,007 ಮತ ಪಡೆದರು. ಇದನ್ನು ಶಿಂದೆಯವರ ಮತಕ್ಕೆ ಕೂಡಿಸಿದರೆ ಗೆದ್ದವರ 5,24,985ಕ್ಕಿಂತ ಹನ್ನೊಂದು ಸಾವಿರ ಹೆಚ್ಚು. ಆ ಮತಗಳೆಲ್ಲ ಶಿಂದೆಯವರಿಗೇ ಬೀಳುತ್ತಿದ್ದವು ಎನ್ನಲಾಗದು. ಆದರೆ 2024ರಲ್ಲಿ ಆಘಾಡಿಯ ಅಭ್ಯರ್ಥಿ ಕಣದಿಂದ ಹಿಂದೆ ಸರಿದಾಗ ಪ್ರಣಿತಿ ಶಿಂದೆ 6,20,225 ಮತ ಪಡೆದು, ಬಿಜೆಪಿಯ ರಾಮ ಸಾತಪುತೆ (5,46,028) ಅವರನ್ನು 74,197 ಮತಗಳಿಂದ ಸೋಲಿಸಿದರು. ಬಿಜೆಪಿಯ ಮತ 2019ಕ್ಕಿಂತ ಕಡಿಮೆಯಾಗಲಿಲ್ಲ, 21 ಸಾವಿರದಷ್ಟು ಹೆಚ್ಚೇ ಆಯಿತು, ಆದರೂ ಸೋತಿತು.

ಇದಾಗಿ ಆರು ತಿಂಗಳಲ್ಲೇ, 2024ರ ನವೆಂಬರಿನಲ್ಲಿ, ಇದೇ ಮತದಾರರು ಆರು ವಿಧಾನಸಭಾ ಕ್ಷೇತ್ರಗಳಲ್ಲಿ ಐದನ್ನು ಬಿಜೆಪಿಗೆ ಕೊಟ್ಟರು. ಮೋಹೋಳ ಮಾತ್ರ ಶರದ ಪವಾರರ ಪಕ್ಷಕ್ಕೆ ಹೋಯಿತು. ಪ್ರಣಿತಿಯವರು ಮೂರು ಸಲ ಗೆದ್ದಿದ್ದ ನಗರ ಮಧ್ಯವೂ ಕೈತಪ್ಪಿತು. ಅಕ್ಕಲಕೋಟದ ದಾಖಲೆಯೂ ಹೀಗೆಯೇ: 2009ರಲ್ಲಿ ಬಿಜೆಪಿಯ ಸಿದ್ರಾಮಪ್ಪ ಪಾಟೀಲ, 2014ರಲ್ಲಿ ಕಾಂಗ್ರೆಸ್ಸಿನ ಸಿದ್ಧಾರಾಮ ಮ್ಹೇತ್ರೆ, 2019 ಮತ್ತು 2024ರಲ್ಲಿ ಬಿಜೆಪಿಯ ಸಚಿನ್ ಕಲ್ಯಾಣಶೆಟ್ಟಿ. ನಮ್ಮ ಜನ ಲೋಕಸಭೆಗೆ ಒಂದು ಲೆಕ್ಕ, ವಿಧಾನಸಭೆಗೆ ಇನ್ನೊಂದು ಲೆಕ್ಕ ಹಾಕಬಲ್ಲ ಜಾಣರು.

ಕನ್ನಡ ಎಲ್ಲಿದೆ?

2011ರ ಜನಗಣತಿಯಂತೆ ಸೊಲ್ಲಾಪುರ ಜಿಲ್ಲೆಯ ಜನಸಂಖ್ಯೆ 43 ಲಕ್ಷ ದಾಟಿದೆ. ಹತ್ತು ಮಂದಿಯಲ್ಲಿ ಹತ್ತಿರಹತ್ತಿರ ಒಬ್ಬರ ಮಾತೃಭಾಷೆ ಕನ್ನಡ. 74 ಸಾವಿರದಲ್ಲಿ ಸೋಲು ಗೆಲುವು ಆಗುವ ಕ್ಷೇತ್ರದಲ್ಲಿ ಇದು ಸಣ್ಣ ಸಂಖ್ಯೆಯಲ್ಲ. ಆದರೂ ಈ ಒಂಬತ್ತು ಸ್ಪರ್ಧೆಗಳಲ್ಲಿ ಒಂದನ್ನಾದರೂ ಕನ್ನಡದ ಪ್ರಶ್ನೆ ತೀರ್ಮಾನಿಸಿತು ಎಂದು ನಾವು ಹೇಳಲಾರೆವು.

2019ನ್ನೇ ನೋಡಿ. ಅಕ್ಕಲಕೋಟ ತಾಲೂಕಿನ ಗೌಡಗಾಂವ ಮಠದ ಸ್ವಾಮೀಜಿ ಗೆದ್ದರು. ನಮ್ಮ ಅನೇಕ ಮನೆಗಳಲ್ಲಿ ಸಂತೋಷವಾಯಿತು. ಆದರೆ ಮತ ಬಿದ್ದದ್ದು ಮಠದ ಭಕ್ತಿಗೆ, ಸಮಾಜದ ನಂಟಿಗೆ, ದಿಲ್ಲಿಯ ನಾಯಕತ್ವಕ್ಕೆ. ಚರ್ಚೆಯಾದದ್ದೂ ಅವರ ಜಾತಿ ಪ್ರಮಾಣಪತ್ರದ ಬಗ್ಗೆ: 2020ರಲ್ಲಿ ಪರಿಶೀಲನಾ ಸಮಿತಿ ಅದನ್ನು ಅಸಿಂಧು ಎಂದಿತು, ವಿಷಯ ಹೈಕೋರ್ಟಿಗೆ ಹೋಯಿತು, ಅವರು ಐದು ವರ್ಷದ ಅವಧಿ ಮುಗಿಸಿದರು. ಕನ್ನಡ ಶಾಲೆಯ ಮಾತು ಈ ಗದ್ದಲದಲ್ಲಿ ಕೇಳಿಸಲೇ ಇಲ್ಲ.

2022ರ ಕೊನೆಗೆ ಅಕ್ಕಲಕೋಟ ತಾಲೂಕಿನ ಕೆಲವು ಗ್ರಾಮ ಪಂಚಾಯತಿಗಳು ಕರ್ನಾಟಕಕ್ಕೆ ಸೇರುವ ಠರಾವು ಮಾಡಿದವು. ಆ ದಿನಗಳಲ್ಲಿ ಎಲ್ಲ ಪಕ್ಷದವರೂ ಓಡಿ ಬಂದರು. ಆದರೆ ಠರಾವಿನ ಒಳಗಿದ್ದದ್ದು ರಸ್ತೆ ಮತ್ತು ನೀರಿನಂತಹ ಮೂಲ ಸೌಕರ್ಯಗಳ ದೂರು. ನೋಟಿಸು ಬಂದ ಮೇಲೆ ಹೆಚ್ಚಿನ ಪಂಚಾಯತಿಗಳು ಅದನ್ನು ಹಿಂದೆ ಪಡೆದವು. ಗಡಿಯ ಮಾತು ಎತ್ತಿದರೆ ಮುಂಬಯಿಗೆ ಕೇಳಿಸುತ್ತದೆ. ಶಾಲೆಯ ಮಾತು ಎತ್ತಿದರೆ ಕೇಳಿಸುವುದಿಲ್ಲ ಎಂಬ ಪಾಠವನ್ನು ನಾವೇ ಅವರಿಗೂ ನಮಗೂ ಕಲಿಸಿದ ಹಾಗಾಯಿತು.

ಬೆಳಗಾವಿಯ ಮರಾಠಿ ಬಂಧುಗಳು ಬೇರೆ ದಾರಿ ಹಿಡಿದರು. ಮಹಾರಾಷ್ಟ್ರ ಏಕೀಕರಣ ಸಮಿತಿ ದಶಕಗಳ ಕಾಲ ಭಾಷೆಯ ಹೆಸರಿನಲ್ಲೇ ಮತ ಕೇಳಿ ಶಾಸಕರನ್ನು ಗೆಲ್ಲಿಸಿತು. 2021ರ ಬೆಳಗಾವಿ ಲೋಕಸಭಾ ಉಪಚುನಾವಣೆಯಲ್ಲೂ ಅದರ ಬೆಂಬಲದ ಅಭ್ಯರ್ಥಿ ಒಂದು ಲಕ್ಷಕ್ಕೂ ಹೆಚ್ಚು ಮತ ಪಡೆದರು. ಗೆಲುವಿನ ಅಂತರ ಇದ್ದದ್ದು ಐದು ಸಾವಿರದಷ್ಟು. ಆದರೆ 2018 ಮತ್ತು 2023ರ ವಿಧಾನಸಭೆಗೆ ಸಮಿತಿಯಿಂದ ಒಬ್ಬರೂ ಹೋಗಲಿಲ್ಲ. ಆ ದಾರಿ ನಮಗೆ ಬೇಡ ಎಂದೇ ನಮ್ಮ ಅಭಿಪ್ರಾಯ. ಇಲ್ಲಿ ನಾವು ಮರಾಠಿ ನೆರೆಹೊರೆಯವರ ಜೊತೆ ಒಂದೇ ಸಂತೆಯಲ್ಲಿ, ಒಂದೇ ಗಡ್ಡದ ಜಾತ್ರೆಯಲ್ಲಿ ಬದುಕುತ್ತೇವೆ. ಭಾಷೆಗೊಂದು ಪಕ್ಷ ಕಟ್ಟದೆ, ಎಲ್ಲ ಪಕ್ಷಗಳ ಮುಂದೆ ಒಂದೇ ಬೇಡಿಕೆ ಪಟ್ಟಿ ಇಡುವ ಮೂರನೇ ದಾರಿಯೂ ಇದೆ. ಅದನ್ನು ನಾವು ಇನ್ನೂ ನಡೆದು ನೋಡಿಲ್ಲ.

ಯಾರಿಗೆ ಏನು ಕೇಳಬೇಕು

ನಮ್ಮ ಒಂದು ತಪ್ಪು, ಎಲ್ಲವನ್ನೂ ಎಲ್ಲರಿಗೂ ಕೇಳುವುದು. ಕನ್ನಡ ಶಾಲೆಯ ಶಿಕ್ಷಕರ ಹುದ್ದೆಯನ್ನು ಖಾಸದಾರರು ತುಂಬಲಾರರು. ಪ್ರಾಥಮಿಕ ಶಾಲೆ ಜಿಲ್ಲಾ ಪರಿಷತ್ತಿನದು, ನೇಮಕಾತಿ ನೀತಿ ರಾಜ್ಯ ಸರಕಾರದ್ದು. ಅದನ್ನು ಜಿಲ್ಲಾ ಪರಿಷತ್ ಸದಸ್ಯರಿಗೂ ಆಮದಾರರಿಗೂ ಕೇಳಬೇಕು. ಪುಣೆಯ ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಮುದ್ರಿಸುತ್ತದೆ. ಜೂನ್ ತಿಂಗಳಲ್ಲಿ ಅವು ಮಕ್ಕಳ ಕೈ ಸೇರಿದವೇ ಎಂದು ವಿಚಾರಿಸುವುದು ಆಮದಾರರ ಕೆಲಸ.

ಖಾಸದಾರರಿಗೆ ಕೇಳಬೇಕಾದದ್ದು ಬೇರೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಕರ್ಯ ಇರಬೇಕೆನ್ನುತ್ತದೆ. 350ಬಿ ವಿಧಿಯಂತೆ ನೇಮಕವಾದ ಆಯುಕ್ತರ ವರದಿ ಸಂಸತ್ತಿನ ಎರಡೂ ಸದನಗಳ ಮುಂದೆ ಬರುತ್ತದೆ. ಶಾಲೆಯಲ್ಲಿ 40 ಮಕ್ಕಳು ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಮಾತೃಭಾಷೆಯಲ್ಲಿ ಕಲಿಸುವ ವ್ಯವಸ್ಥೆ, ಜಿಲ್ಲೆ ಅಥವಾ ತಾಲೂಕಿನಲ್ಲಿ ಶೇಕಡಾ 15ರಷ್ಟು ಜನ ಆಡುವ ಭಾಷೆಯಲ್ಲಿ ಮುಖ್ಯ ಸರಕಾರಿ ಸೂಚನೆಗಳ ಅನುವಾದ: ಇವು ರಾಜ್ಯಗಳೆಲ್ಲ ಒಪ್ಪಿಕೊಂಡ ಹಳೆಯ ರಕ್ಷಣೆಗಳು. ಅಕ್ಕಲಕೋಟದಲ್ಲಿ ಇವು ಎಷ್ಟು ಜಾರಿಯಾಗಿವೆ ಎಂದು ಲೋಕಸಭೆಯಲ್ಲಿ ಪ್ರಶ್ನೆ ಕೇಳಲು ಖಾಸದಾರರಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ವರ್ಷಕ್ಕೆ 5 ಕೋಟಿ ರೂಪಾಯಿಯ ಸಂಸದರ ನಿಧಿಯಿಂದ ಕನ್ನಡ ಶಾಲೆಗೆ ಕೋಣೆ ಕಟ್ಟಿಸಲೂ ಅವಕಾಶವಿದೆ.

ಮೊದಲ ಮತ ಜನಗಣತಿಯಲ್ಲಿ

ಈ ಎಲ್ಲ ರಕ್ಷಣೆಗಳೂ ನಿಂತಿರುವುದು ತಲೆ ಎಣಿಕೆಯ ಮೇಲೆ. ಮುಂದಿನ ಜನಗಣತಿ 2027ರದು. ಮಕ್ಕಳು ಮರಾಠಿ ಶಾಲೆಗೆ ಹೋಗುತ್ತಾರೆ, ಕಾಗದಪತ್ರ ಎಲ್ಲ ಮರಾಠಿಯಲ್ಲಿದೆ ಎಂದು ಮಾತೃಭಾಷೆಯ ಕಾಲಮ್ಮಿನಲ್ಲಿಯೂ ಮರಾಠಿ ಎಂದೇ ಬರೆಸುವ ಮನೆಗಳು ನಮ್ಮ ನಡುವೆಯೇ ಇವೆ. ಕಾಲಮ್ ಕೇಳುವುದು ಶಾಲೆಯ ಭಾಷೆಯನ್ನಲ್ಲ, ತಾಯಿಯ ಭಾಷೆಯನ್ನು. ಮರಾಠಿ, ಹಿಂದಿ ಬರುತ್ತವೆ ಎಂದು ಹೇಳಲು ಬೇರೆ ಕಾಲಮ್ ಇದೆ. ಅಲ್ಲಿ ಕಳೆದುಹೋದ ಹೆಸರನ್ನು ಯಾವ ಖಾಸದಾರರೂ ಹುಡುಕಿ ಕೊಡಲಾರರು.

ಆದ್ದರಿಂದ ಸದಸ್ಯರಲ್ಲಿ ಎರಡು ವಿನಂತಿ. ಗಣತಿಯವರು ಬಂದಾಗ ನಿಮ್ಮ ಮನೆ, ನಿಮ್ಮ ಓಣಿ ಸರಿಯಾಗಿ ಬರೆಸಿ. ಮುಂದಿನ ಸಭೆಗೆ ಬರುವಾಗ ನಿಮ್ಮೂರ ಕನ್ನಡ ಶಾಲೆಯಲ್ಲಿ ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು, ಎಷ್ಟು ಹುದ್ದೆ ಖಾಲಿ ಎಂದು ಒಂದು ಚೀಟಿಯಲ್ಲಿ ಬರೆದು ತನ್ನಿ. ಆ ಚೀಟಿಗಳನ್ನು ಕೂಡಿಸಿದರೆ ಅದೇ ನಮ್ಮ ಬೇಡಿಕೆ ಪಟ್ಟಿ. 2029ರಲ್ಲಿ ಯಾವ ಪಕ್ಷದವರು ವೇದಿಕೆ ಹತ್ತಿ ನಾಲ್ಕು ಮಾತು ಕನ್ನಡದಲ್ಲಿ ಆಡಿದರೂ, ಐದನೆಯ ಮಾತು ಆ ಪಟ್ಟಿಯ ಬಗ್ಗೆ ಆಗಲಿ ಎಂದು ಕೇಳೋಣ.