ಚಿತ್ರಕಲೆಯ ಉಚ್ಚವ್ಯಾಸಂಗವೂ ನಮ್ಮ ಅರ್ಜಿಗಳೂ

ಕಿರಿಮಂಜೇಶ್ವರದಲ್ಲಿ ಇತ್ತೀಚೆಗೆ ನೆರೆದ ಒಂದು ಸನ್ಮಾನಸಭೆಯಲ್ಲಿ ನಾನೂ ಇದ್ದೆನು. ಚಿತ್ರಕಲೆಯಲ್ಲಿ ನಾಲ್ಕು ವರುಷಗಳ ಪದವಿಯನ್ನು ಮುಗಿಸಿ, ದೂರದ ನಗರವೊಂದರ ಸ್ನಾತಕೋತ್ತರ ತರಗತಿಗೆ ಆಯ್ಕೆಯಾದ ತರುಣನೊಬ್ಬನಿಗೆ ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲ ಕೊಡಲಾಯಿತು. ಮಾತನಾಡಿದ ಮಹನೀಯರು ಐವರು. ಐವರೂ ಆ ವಿದ್ಯಾಲಯದ ಕೀರ್ತಿಯನ್ನು ಕೊಂಡಾಡಿದರು. ಅಲ್ಲಿ ಪ್ರವೇಶ ದೊರೆಯುವದು ಎಷ್ಟು ದುರ್ಲಭವೆಂಬುದನ್ನು ವರ್ಣಿಸಿದರು. ಆ ತರುಣನು ಬರೆದ ಚಿತ್ರ ಒಂದಾದರೂ ಸಭೆಯಲ್ಲಿ ಇರಲಿಲ್ಲ. ಇಲ್ಲವೆಂಬುದು ಯಾರ ಲಕ್ಷ್ಯಕ್ಕೂ ಬಂದಂತೆ ತೋರಲಿಲ್ಲ. ಸಭೆ ಮುಗಿದ ಮೇಲೆ ಅವನನ್ನು ಬಳಿಗೆ ಕರೆದು, ಆ ವಿದ್ಯಾಲಯವನ್ನೇ ಏಕೆ ಆರಿಸಿದೆಯೆಂದು ಕೇಳಿದೆನು. "ಒಂಬತ್ತು ಕಡೆಗೆ ಅರ್ಜಿ ಹಾಕಿದ್ದೆ, ಇದೊಂದು ಸಿಕ್ಕಿತು" ಎಂದನು. ಅಲ್ಲಿ ಕಲಿಸತಕ್ಕವರು ಯಾರು, ಅವರ ಕೃತಿಗಳು ಎಂಥವು, ಅಲ್ಲಿಯ ಕಾರ್ಯಶಾಲೆಯಲ್ಲಿ ಏನಿದೆ ಏನಿಲ್ಲ ಎಂಬುದೊಂದೂ ಅವನಿಗೆ ತಿಳಿಯದು.

ಆ ತರುಣನನ್ನು ನಾನು ದೂಷಿಸಲಾರೆನು. ದೂಷಣೆಗೆ ಪಾತ್ರರಾದವರು ಶಾಲು ಹೊದಿಸಿದ ನಾವು. ಹಿರಿಯರು ಅವನ ಕೆಲಸವನ್ನು ಒಮ್ಮೆಯೂ ನೋಡದೆ, ಅವನಿಗೆ ದೊರೆತ ಸ್ಥಾನವನ್ನು ಮಾತ್ರ ನೋಡಿ ಹಿಗ್ಗಿದರೆ, ಅವನು ಕೆಲಸವನ್ನು ಬಿಟ್ಟು ಸ್ಥಾನವನ್ನೇ ಅರಸುವದರಲ್ಲಿ ಆಶ್ಚರ್ಯವೇನು? ಉಚ್ಚವ್ಯಾಸಂಗಕ್ಕೆ ವಿದ್ಯಾಲಯವನ್ನು ಆರಿಸುವ ಕ್ರಮವು ನಮ್ಮ ಸೀಮೆಯಲ್ಲಿ ತಲೆಕೆಳಗಾಗಿದೆಯೆಂಬುದೇ ನನ್ನ ವಾದ. ಮೊದಲು ಕೆಲಸ, ಆ ಕೆಲಸದಲ್ಲಿ ತನಗೆ ಇನ್ನೂ ಬಾರದಿರುವದು ಯಾವುದೆಂಬ ತಿಳಿವು, ಅದನ್ನು ಕಲಿಸಬಲ್ಲವರು ಎಲ್ಲಿರುವರೆಂಬ ಶೋಧ, ಕಟ್ಟಕಡೆಗೆ ಅರ್ಜಿ. ನಮ್ಮಲ್ಲಾದರೋ ಮೊದಲು ಅರ್ಜಿ, ಅರ್ಜಿಗಾಗಿ ಅವಸರದಲ್ಲಿ ಹದಿನೈದು ಚಿತ್ರ, ಆ ಮೇಲೆ ಸನ್ಮಾನ. ಬಾರದಿರುವದು ಯಾವುದೆಂಬ ಪ್ರಶ್ನೆ ಎಲ್ಲಿಯೂ ಏಳುವದಿಲ್ಲ.

ಇದಕ್ಕೆ ಒಡನೆ ಬರುವ ಆಕ್ಷೇಪವನ್ನು ಬಲ್ಲೆನು. ಹೊಟ್ಟೆಯ ಪಾಡು ಯಾರನ್ನೂ ಬಿಟ್ಟಿಲ್ಲ, ಕಾಲೇಜಿನ ಅಧ್ಯಾಪಕನಾಗಬೇಕಾದರೆ ಸ್ನಾತಕೋತ್ತರ ಪದವಿ ಬೇಕೇ ಬೇಕು, ಅದು ಎಲ್ಲಿಂದ ಬಂದರೇನು ಎಂದು ಹೇಳುವವರು ಹಲವರಿದ್ದಾರೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ನಿಯಮದಂತೆ ಶೇಕಡಾ 55 ಅಂಕಗಳ ಸ್ನಾತಕೋತ್ತರ ಪದವಿಯೂ ನೆಟ್ ಪರೀಕ್ಷೆಯ ತೇರ್ಗಡೆಯೂ ಸಾಮಾನ್ಯವಾದ ಅರ್ಹತೆಯೆಂಬುದು ನಿಜವೇ. ಕೃತಿಗಳಿಂದಲೇ ಹೆಸರಾದವರಿಗೆ ಅದೇ ನಿಯಮಗಳಲ್ಲಿ ಬೇರೊಂದು ಬಾಗಿಲೂ ಉಂಟು. ಆದರೆ ಅದು ಕಿರಿದು. ಜೀವನೋಪಾಯಕ್ಕಾಗಿ ಪದವಿಯನ್ನು ಬಯಸುವವನನ್ನು ನಾನು ಹೀಯಾಳಿಸುವದಿಲ್ಲ. ನಾನೂ ಡ್ರಾಯಿಂಗ್ ಮಾಸ್ತರನಾಗಿಯೇ ಅನ್ನವನ್ನುಂಡವನು. ಅಂಥವನು ಮನೆಗೆ ಹತ್ತಿರದ, ಶುಲ್ಕ ಕಡಿಮೆಯಾದ ಸಂಸ್ಥೆಯನ್ನು ಆರಿಸಿದರೆ ಅದು ವಿವೇಕವೇ ಸರಿ. ಆದರೆ ಅವನು ಅದನ್ನು ತನಗೆ ತಾನೇ ನೇರವಾಗಿ ಹೇಳಿಕೊಳ್ಳಲಿ. ಮನಸ್ಸಿನಲ್ಲಿ ಉದ್ಯೋಗವನ್ನಿಟ್ಟುಕೊಂಡು, ಅರ್ಜಿಯಲ್ಲಿ ಮಾತ್ರ "ಅಸ್ಮಿತೆಯ ಶೋಧ"ವೆಂದೂ "ಸ್ಮೃತಿಯ ಭೂಪಟ"ವೆಂದೂ ಬರೆಯುವದು ಯಾತಕ್ಕೆ?

ಅರ್ಜಿಯೆಂದರೇನೆಂಬುದು ನಮ್ಮ ಓದುಗರಲ್ಲಿ ಹಲವರಿಗೆ ತಿಳಿದಿರಲಿಕ್ಕಿಲ್ಲವಾದುದರಿಂದ ಒಂದೆರಡು ಮಾತು ಹೇಳುವೆನು. ತನ್ನ ಕೃತಿಗಳ ಒಂದು ಸಂಪುಟ, ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು. ಏಕೆ ಕಲಿಯಬೇಕೆಂದಿರುವೆನೆಂಬ ಒಂದು ಉದ್ದೇಶಪತ್ರ. ಕೆಲವೆಡೆ ಗುರುಗಳ ಶಿಫಾರಸು ಪತ್ರಗಳು. ಕೆಲವೆಡೆ ಎದುರಿಗೆ ಕುಳ್ಳಿರಿಸಿ ಬರೆಯಿಸುವ ಪರೀಕ್ಷೆ. ಬಹುಮಟ್ಟಿಗೆ ಎಲ್ಲೆಡೆಯೂ ಸಂದರ್ಶನ. ಈ ಅಂಗಗಳಲ್ಲಿ ಉದ್ದೇಶಪತ್ರವು ಈಗ ಮಾರಾಟದ ಸರಕಾಗಿದೆ. ಹಣ ಕೊಟ್ಟರೆ ಬರೆದುಕೊಡುವವರಿದ್ದಾರೆ. ಹಣವನ್ನೂ ಬೇಡದೆ ಗಳಿಗೆಯಲ್ಲಿ ಬರೆದುಕೊಡುವ ಯಂತ್ರಗಳು ಬಂದಿವೆ. ನಾನು ನೋಡಿದ ಇಂಥ ಕೆಲವು ಪತ್ರಗಳಲ್ಲಿ ಬೈಂದೂರಿನ ಹುಡುಗನೂ ಬೆಳಗಾವಿಯ ಹುಡುಗಿಯೂ ಒಂದೇ ಮಾತನ್ನು ಒಂದೇ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಕನ್ನಡದಲ್ಲಿ ಹೇಳು ಎಂದರೆ ಇಬ್ಬರೂ ಸುಮ್ಮನಾಗುತ್ತಾರೆ. ಕನ್ನಡದಲ್ಲಿ ಮೊದಲು ಬರೆದು, ಅದು ನಿಜವೆಂದು ಕಂಡ ಬಳಿಕ ಇಂಗ್ಲಿಷಿಗೆ ತಿರುಗಿಸಿಕೊಂಡವನನ್ನು ನಾನು ಇನ್ನೂ ಕಾಣಬೇಕಾಗಿದೆ.

ಸಂಪುಟದ ಗತಿಯೂ ಇದಕ್ಕಿಂತ ಮೇಲಲ್ಲ. ಇಲ್ಲಿ ನನ್ನ ಅಪಮಾನದ ಕಥೆಯೊಂದನ್ನು ಹೇಳದೆ ಉಪಾಯವಿಲ್ಲ. ಬಹಳ ವರುಷಗಳ ಹಿಂದೆ, ಪದವಿಯ ನಂತರದ ವ್ಯಾಸಂಗಕ್ಕೆಂದು ನಾನೂ ಒಂದು ಸಂದರ್ಶನಕ್ಕೆ ಹೋಗಿದ್ದೆನು. ಹೊರನಾಡಿನವರಿಗೆ ಮೆಚ್ಚಾಗುವದೆಂದು ಬಡಗುತಿಟ್ಟಿನ ವೇಷಗಳ ಚಿತ್ರಗಳನ್ನೇ ಹೆಚ್ಚಾಗಿ ಕಟ್ಟಿಕೊಂಡಿದ್ದೆನು. ಪರೀಕ್ಷಕರಲ್ಲಿ ಒಬ್ಬರು ರಾಜವೇಷದ ಚಿತ್ರವನ್ನು ಬಹಳ ಹೊತ್ತು ನೋಡಿ, "ಈ ಕಿರೀಟದ ಹಿಂಬದಿ ಹೇಗಿರುತ್ತದೆ? ಇದು ತಲೆಯ ಮೇಲೆ ನಿಲ್ಲುವದು ಹೇಗೆ?" ಎಂದು ಕೇಳಿದರು. ಬಾಲ್ಯದಿಂದ ರಾತ್ರಿಯಿಡೀ ಆಟ ನೋಡಿದವನು ನಾನು. ಚೌಕಿಯೊಳಗೆ ನುಗ್ಗಿ ಬೈಸಿಕೊಂಡವನು. ಮರದ ಮೇಲೆ ಬೇಗಡೆ ಹಚ್ಚುವದನ್ನು ಕಣ್ಣಾರೆ ಕಂಡವನು. ಆದರೂ ಉತ್ತರ ಬರಲಿಲ್ಲ. ಯಾಕೆಂದರೆ ನಾನು ಬರೆದದ್ದು ಕಿರೀಟವನ್ನಲ್ಲ, ಕಿರೀಟದ ಛಾಯಾಚಿತ್ರವನ್ನು. ಛಾಯಾಚಿತ್ರಕ್ಕೆ ಹಿಂಬದಿಯಿರುವದಿಲ್ಲ. ನನ್ನನ್ನು ಆರಿಸಲಿಲ್ಲ, ಆರಿಸದಿದ್ದದ್ದು ನ್ಯಾಯವೇ ಆಗಿತ್ತೆಂದು ಒಪ್ಪಿಕೊಳ್ಳಲು ನನಗೆ ಹತ್ತು ವರುಷ ಬೇಕಾಯಿತು.

ಇಂದಿನ ತರುಣರೂ ಅದೇ ಕಿರೀಟವನ್ನು ಹೊತ್ತುಕೊಂಡು ಹೋಗುತ್ತಿದ್ದಾರೆ. ಯಕ್ಷಗಾನ, ನಾಗಮಂಡಲ, ಉಪ್ಪಿನಕುದ್ರಿನ ಸೂತ್ರದ ಗೊಂಬೆ - ಇವು ಸಂಪುಟದ ಅಲಂಕಾರಗಳಾಗಿವೆ. ಇವುಗಳನ್ನು ಚಿತ್ರಿಸಬಾರದೆಂದಲ್ಲ. ಇವು ಚಿತ್ರದ ವಿಷಯಗಳು ಮಾತ್ರವಲ್ಲ, ಸ್ವತಃ ಚಿತ್ರವಿದ್ಯೆಯ ಪಾಠಗಳೆಂಬುದನ್ನು ನಾವು ಮಕ್ಕಳಿಗೆ ಹೇಳಲಿಲ್ಲವೆಂಬುದೇ ನನ್ನ ವ್ಯಥೆ. ಬಣ್ಣದ ವೇಷದವನು ಅಕ್ಕಿಹಿಟ್ಟಿನ ಚುಟ್ಟಿಯನ್ನಿಟ್ಟು ಮುಖದ ಮೈಯನ್ನೇ ಉಬ್ಬಿಸುವಾಗ ಅವನು ಮಾಡುವದು ಶಿಲ್ಪಿಯ ಕೆಲಸ. ಮಂಡಲ ಬರೆಯುವವರು ಅರಿಸಿನ, ಸುಣ್ಣ ಬೆರೆತ ಅರಿಸಿನದ ಕೆಂಪು, ಎಲೆಯ ಹಸುರು, ಕರಿಯ ಮಸಿ, ಬಿಳಿಯ ಪುಡಿ ಎಂಬ ಐದೇ ಬಣ್ಣಗಳಲ್ಲಿ ನೆಲವನ್ನು ತುಂಬಿಸಿ, ಬೆಳಗಾಗುವದರೊಳಗೆ ಅದನ್ನು ಅಳಿಸಿಬಿಡುತ್ತಾರೆ. ಕರಾವಳಿಯ ಹಳೆಯ ಗುಡಿಗಳಲ್ಲಿರುವ ಕಾವಿ ಚಿತ್ರವನ್ನು ನೋಡಿರಿ: ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಲೇಪ ಕೊಟ್ಟು, ಅದು ಹಸಿಯಾಗಿರುವಾಗಲೇ ಕೊರೆದು, ಕೆಳಗಿನ ಬಿಳುಪನ್ನು ರೇಖೆಯಾಗಿ ಹೊರತೆಗೆಯುವ ವಿದ್ಯೆ ಅದು. ಇದನ್ನು ಕೈಯಿಂದ ಮಾಡಿ ನೋಡಿ ಸೋತವನಿಗೆ ಒಂದು ಪ್ರಶ್ನೆ ಹುಟ್ಟುತ್ತದೆ. ಆ ಪ್ರಶ್ನೆಯೇ ಅವನ ಉದ್ದೇಶಪತ್ರ.

ಪ್ರಶ್ನೆಯಿದ್ದವನಿಗೆ ವಿದ್ಯಾಲಯವನ್ನು ಆರಿಸುವದು ಕಷ್ಟವಲ್ಲ. ಗೋಡೆಯ ಚಿತ್ರವನ್ನು ಕುರಿತು ಚಿಂತಿಸುವವನು 1919ರಲ್ಲಿ ಸ್ಥಾಪಿತವಾದ ಶಾಂತಿನಿಕೇತನದ ಕಲಾಭವನದತ್ತ ನೋಡಬಹುದು. ಅಲ್ಲಿಯ ಹಿಂದೀಭವನದ ಗೋಡೆಗಳ ಮೇಲೆ ವಿನೋದವಿಹಾರಿ ಮುಖರ್ಜಿಯವರು 1947ರ ಸುಮಾರಿಗೆ ಮಧ್ಯಯುಗದ ಸಂತರನ್ನು ಬರೆದಿದ್ದಾರೆ. ಅಲ್ಲಿಯೇ ರಾಮಕಿಂಕರ ಬೈಜರು 1938ರಲ್ಲಿ ನಿರ್ಮಿಸಿದ ಸಂತಾಲ ಕುಟುಂಬದ ಶಿಲ್ಪವು ಬಯಲಿನಲ್ಲಿ ನಿಂತಿದೆ. ಅದು ಕಂಚಿನದಲ್ಲ, ಅಮೃತಶಿಲೆಯದಲ್ಲ. ಸಿಮೆಂಟಿನೊಡನೆ ಮುರಕಲ್ಲಿನ ಹರಳುಗಳನ್ನು ಬೆರೆಸಿ ಮಾಡಿದ್ದು. ಮುರಕಲ್ಲು! ಕಿರಿಮಂಜೇಶ್ವರದಲ್ಲಿ ಮನೆಯ ಪಾಗಾರಕ್ಕೂ ಬಾವಿಯ ಕಟ್ಟೆಗೂ ನಾವು ಬಳಸುವ, ನಮ್ಮ ಕಾಲಡಿಯ ಆ ಕೆಂಪು ಕಲ್ಲು. ನಮ್ಮ ಗಣಿಗಳಿಂದ ಲಾರಿಗಟ್ಟಲೆ ಅದು ಹೋಗುತ್ತಿದ್ದರೂ, ಅದರಿಂದ ಏನನ್ನಾದರೂ ಮಾಡಿ ಸಂಪುಟದಲ್ಲಿಟ್ಟುಕೊಂಡು ಹೋದ ಒಬ್ಬ ವಿದ್ಯಾರ್ಥಿಯನ್ನೂ ನಾನು ಕಂಡಿಲ್ಲ. ಎಲ್ಲರೂ ಕ್ಯಾನ್ವಾಸನ್ನೇ ಕೊಂಡುತರುತ್ತಾರೆ.

ಬಡೋದೆಯ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ಲಲಿತಕಲಾ ವಿಭಾಗವು ಆರಂಭವಾದದ್ದು 1950ರಲ್ಲಿ. ಎನ್. ಎಸ್. ಬೇಂದ್ರೆ, ಶಂಖೋ ಚೌಧುರಿ ಮೊದಲಾದವರು ಅದನ್ನು ಬೆಳೆಸಿದರು. ಅಲ್ಲಿ ಬಹುಕಾಲ ಕಲಿಸಿದ ಕೆ. ಜಿ. ಸುಬ್ರಹ್ಮಣ್ಯನ್ನರು ಮಾಹೆಯಲ್ಲಿ ಬೆಳೆದವರು, ನಮ್ಮ ಕಡಲೇ ಅವರ ಕಡಲು. ಮದರಾಸಿನಲ್ಲಿ ಅರ್ಥಶಾಸ್ತ್ರವನ್ನು ಓದುತ್ತಿದ್ದು, ಸ್ವಾತಂತ್ರ್ಯದ ಚಳವಳಿಯಲ್ಲಿ ಸೆರೆಮನೆಯನ್ನು ಕಂಡು, 1944ರಲ್ಲಿ ಶಾಂತಿನಿಕೇತನವನ್ನು ಸೇರಿದರು. ಕಟ್ಟಡವನ್ನು ನೋಡಿ ಹೋದವರಲ್ಲ. ನಂದಲಾಲ ಬೋಸರಿದ್ದಾರೆಂದು ಹೋದವರು. ಮೈಸೂರಿನ ವೆಂಕಟಪ್ಪನವರನ್ನು 1909ರಲ್ಲಿ ಕಲ್ಕತ್ತೆಗೆ ಕಳುಹಿಸಿದಾಗಲೂ ಅಲ್ಲಿ ಕಲಿಸುತ್ತಿದ್ದವರು ಅವನೀಂದ್ರನಾಥ ಠಾಕೂರರೆಂಬುದನ್ನು ನಾವು ಮರೆಯಬಾರದು. ಈಗ ಆ ಗುರುಗಳಾರೂ ಇಲ್ಲ. ಅವರ ಹೆಸರನ್ನು ನಂಬಿ ಅರ್ಜಿ ಹಾಕುವದೂ ಹುಚ್ಚೇ. ಈಗ ಅಲ್ಲಿ ಪಾಠ ಹೇಳುತ್ತಿರುವವರು ಯಾರು, ಮುದ್ರಣದ ಒತ್ತುಯಂತ್ರಕ್ಕೆ ವಿದ್ಯಾರ್ಥಿಯ ಕೈ ನಿಜವಾಗಿ ಮುಟ್ಟುವದೋ, ಆವಿಗೆಗೆ ಬೆಂಕಿ ಬೀಳುವದೋ, ಹಿರಿಯ ವಿದ್ಯಾರ್ಥಿಗಳು ರಾತ್ರಿ ಏನು ಮಾತನಾಡುವರು - ಇವು ವಿಚಾರಿಸತಕ್ಕ ಸಂಗತಿಗಳು. ಪತ್ರಿಕೆಗಳಲ್ಲಿ ಬರುವ ಶ್ರೇಣಿಪಟ್ಟಿಗಳಲ್ಲಿ ಇವೊಂದೂ ಇರುವದಿಲ್ಲ.

ನಮ್ಮ ಜಿಲ್ಲೆಯವರೇ ಆದ ಕೆ. ಕೆ. ಹೆಬ್ಬಾರರ ಉದಾಹರಣೆಯನ್ನು ಎಲ್ಲ ಸಭೆಗಳಲ್ಲಿಯೂ ಎತ್ತುತ್ತಾರೆ. ಆದರೆ ಅರ್ಧವನ್ನೇ ಹೇಳುತ್ತಾರೆ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಅವರು ಪ್ಯಾರಿಸಿನಲ್ಲಿ ಕಲಿತರೆಂಬುದಷ್ಟೇ ಭಾಷಣಕಾರರಿಗೆ ಬೇಕಾದದ್ದು. ಪ್ಯಾರಿಸಿನ ಜೂಲಿಯನ್ ಅಕಾಡೆಮಿಗೆ ಅವರು ಹೋದದ್ದು 1949ರಲ್ಲಿ. ಮುಂಬಯಿಯ ಜೆ. ಜೆ. ಕಲಾಶಾಲೆಯ ಡಿಪ್ಲೊಮಾ ಪಡೆದು ಆಗಲೇ ಹನ್ನೊಂದು ವರುಷ ಸಂದಿತ್ತು. ಅದೇ ಶಾಲೆಯಲ್ಲಿ ಪಾಠ ಹೇಳಿಯೂ ಆಗಿತ್ತು. ವಯಸ್ಸು ನಾಲ್ವತ್ತರ ಸಮೀಪಕ್ಕೆ ಬಂದಿತ್ತು. ತನಗೆ ಬೇಕಾದದ್ದು ಯಾವುದೆಂದು ಬಲ್ಲವನಾಗಿ ಹೋದವನ ಯಾತ್ರೆ ಅದು. ಇಪ್ಪತ್ತೆರಡರ ಹುಡುಗನಿಗೆ ಪದವಿಯ ಮರುತಿಂಗಳೇ ಸಾಗರವನ್ನು ದಾಟೆಂದು ಹೇಳುವವರಿಗೆ ಈ ಹನ್ನೊಂದು ವರುಷಗಳು ಕಾಣುವದಿಲ್ಲ. ಅಮೆರಿಕೆಯ ಎಂ.ಎಫ್.ಎ. ಪದವಿಗೆ ಎರಡು ಮೂರು ವರುಷ ಹಿಡಿಯುತ್ತದೆ. ಕೆಲವು ವಿಶ್ವವಿದ್ಯಾನಿಲಯಗಳು ಶುಲ್ಕವನ್ನು ಬಿಟ್ಟು, ಕಿರಿಯ ತರಗತಿಗಳಿಗೆ ಪಾಠ ಹೇಳಿಸಿ, ಜೀವನಕ್ಕೆ ಇಷ್ಟೆಂದು ಕೊಡುತ್ತವೆ. ಬೇರೆ ಕೆಲವೆಡೆ ನೆರವು ಅತ್ಯಲ್ಪ, ಸಾಲ ಅಪಾರ. ತಂದೆಯ ಗದ್ದೆಯನ್ನು ಅಡವಿಡುವ ಮೊದಲು ಈ ವ್ಯತ್ಯಾಸವನ್ನು ತಿಳಿಯಬೇಡವೆ?

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ತಪ್ಪು ಬೇರೆ ಬಗೆಯದು. ಅವರಲ್ಲಿ ಕೈ ಪಳಗಿದವರು ಎಷ್ಟೋ ಮಂದಿ. ಆದರೆ ಅವರ ವಿದ್ಯಾಲಯವನ್ನು ಆರಿಸುವದು ಬಸ್ಸಿನ ವೇಳಾಪಟ್ಟಿ. ಸಂಜೆಯೊಳಗೆ ಮನೆಗೆ ಮರಳಬಹುದಾದಷ್ಟು ದೂರವೇ ಅವರ ಕಲೆಯ ಗಡಿ. ಗಂಡುಮಕ್ಕಳಿಗೆ ಒಂಬತ್ತು ಅರ್ಜಿ, ಇವರಿಗೆ ಒಂದು. ಆ ಒಂದೂ ಮದುವೆಯ ಮಾತು ಬರುವ ತನಕ. ಇದನ್ನು ಬರೆಯುವಾಗ ನನ್ನ ಮನೆಯನ್ನು ಹೊರತುಪಡಿಸಿ ಬರೆಯುತ್ತಿಲ್ಲ.

ಕೊಂಕಣ ರೈಲುಮಾರ್ಗವು 1998ರಲ್ಲಿ ಪೂರ್ತಿಯಾಗಿ ತೆರೆದ ಮೇಲೆ ನಮ್ಮ ಸೀಮೆಯಿಂದ ಮುಂಬಯಿಗೆ ಒಂದು ರಾತ್ರಿಯ ಹಾದಿ. ಅಲ್ಲಿಂದ ಬಡೋದೆಗೆ ಮತ್ತೆ ಕೆಲವು ಗಂಟೆ. ಹೆಬ್ಬಾರರು ಹೊರಟ ಕಾಲಕ್ಕೆ ಈ ಸೌಕರ್ಯ ಇರಲಿಲ್ಲ. ಹೀಗಿದ್ದೂ ಒಂಬತ್ತು ಅರ್ಜಿಗಳ ಶುಲ್ಕವನ್ನು ತೆರುವ ನಮ್ಮ ತರುಣನು ಒಂದು ಶಾಲೆಯನ್ನಾದರೂ ಮೊದಲೇ ಕಣ್ಣಿನಿಂದ ನೋಡಿಬರುವದಿಲ್ಲ. ಆದಕಾರಣ ಸಂಘದ ಕಾರ್ಯಕಾರಿ ಸಮಿತಿಯವರ ಮುಂದೆ ನನ್ನದೊಂದು ವಿಜ್ಞಾಪನೆ. ಈ ವರುಷದ ಸನ್ಮಾನಗಳಿಗಾಗಿ ಶಾಲು ಹಾರಗಳಿಗೆ ತೆಗೆದಿಟ್ಟ ಹಣವನ್ನು, ಅರ್ಜಿ ಹಾಕುವದಕ್ಕೆ ಮೊದಲು ವಿದ್ಯಾಲಯವನ್ನು ನೋಡಿಬರಲು ಹೊರಡುವ ಇಬ್ಬರ ರೈಲುಖರ್ಚಿಗೆ ಕೊಡಲಿ. ಇಬ್ಬರಲ್ಲಿ ಒಬ್ಬಳು ಹುಡುಗಿಯಾಗಿರಲಿ. ಹೊರಡುವ ಮುನ್ನ ತಮ್ಮ ಚಿತ್ರಗಳನ್ನು ಒಂದು ವಾರ ಸಭಾಭವನದ ಗೋಡೆಗೆ ತೂಗಹಾಕಿ, ನೋಡಲು ಬಂದವರ ಪ್ರಶ್ನೆಗಳಿಗೆ ಅವರು ಕನ್ನಡದಲ್ಲಿ ಉತ್ತರ ಹೇಳಲಿ. ಗೋಡೆಗೆ ಮೊಳೆ ಹೊಡೆದರೆ ಸುಣ್ಣ ಉದುರುವದೆಂದು ಕಳೆದ ಸಲ ಆಕ್ಷೇಪಿಸಿದ ಸದಸ್ಯರಿಗೆ, ಮರಳಿ ಸುಣ್ಣ ಬಳಿಸುವ ಖರ್ಚನ್ನು ನಾನೇ ಕೊಡುವೆನೆಂದು ಈ ಮೂಲಕ ತಿಳಿಯಪಡಿಸುತ್ತೇನೆ.