ಬೀಗವಿಲ್ಲದ ಪ್ರಸಾರ

ಕೆನಡಾದ ಟೊರಾಂಟೊ ನಗರದಲ್ಲಿ ಮನೆಗಳ ಮಾಡಿನ ಮೇಲೆ ನಿಲ್ಲಿಸಿದ ಟೆಲಿವಿಷನ್ ಏರಿಯಲ್‌ಗಳಲ್ಲಿ ಅನೇಕವು ದಕ್ಷಿಣಕ್ಕೆ, ಪೂರ್ವದ ಕಡೆ ತುಸು ವಾಲಿ, ಮುಖಮಾಡಿರುತ್ತವೆ. ಆ ದಿಕ್ಕಿನಲ್ಲಿರುವುದು ಆಂಟೇರಿಯೊ ಸರೋವರ. ಅದರಾಚೆ ಅಮೆರಿಕ ಸಂಯುಕ್ತ ಸಂಸ್ಥಾನಗಳ ಬಫಲೊ ನಗರ. ಎರಡು ನಗರಗಳ ನಡುವಣ ನೇರ ದೂರ ಸುಮಾರು 100 ಕಿಲೋಮೀಟರು. ಬಫಲೊದ ಮೊದಲ ಟೆಲಿವಿಷನ್ ಕೇಂದ್ರವು 1948ರಲ್ಲಿಯೇ ಪ್ರಸಾರವನ್ನು ಆರಂಭಿಸಿತು. ಟೊರಾಂಟೊ ನಗರಕ್ಕೆ ತನ್ನದೇ ಆದ ಕೇಂದ್ರ ದೊರೆತುದು 1952ರ ಸೆಪ್ಟೆಂಬರಿನಲ್ಲಿ. ಆದುದರಿಂದ ಅಲ್ಲಿಯ ಜನರು ಸ್ವದೇಶದ ಚಿತ್ರಗಳನ್ನು ಕಾಣುವುದಕ್ಕೆ ಮೊದಲೇ ನೆರೆಯ ದೇಶದ ಚಿತ್ರಗಳನ್ನು ಕಂಡಿದ್ದರು. ಈ ಅಭ್ಯಾಸ ಇಂದಿಗೂ ನಿಂತಿಲ್ಲ.

ಹೀಗೆ ಗಡಿಯಾಚೆಯ ಪ್ರಸಾರವನ್ನು ಹಿಡಿಯುವುದು ನ್ಯಾಯವೇ? ಪ್ರಶ್ನೆಯನ್ನು ವಿಚಾರಿಸುವ ಮೊದಲು ಆ ಪ್ರಸಾರವು ಅಲ್ಲಿಗೆ ಹೇಗೆ ತಲುಪುತ್ತದೆಂಬುದನ್ನು ನೋಡಬೇಕು.

ಟೆಲಿವಿಷನ್ ತರಂಗಗಳು ರೇಡಿಯೊದ ಹ್ರಸ್ವ ತರಂಗಗಳಂತೆ ಅಯಾನುಗೋಳದಿಂದ ಪ್ರತಿಫಲಿಸಿ ಸಾಗರಗಳನ್ನು ದಾಟುವಂಥವಲ್ಲ. ಅವು ಬಹುಮಟ್ಟಿಗೆ ಸರಳರೇಖೆಯಲ್ಲಿ ಚಲಿಸುತ್ತವೆ. ವಾಯುಮಂಡಲದ ವಕ್ರೀಭವನದಿಂದ ಭೂಮಿಯ ಕಡೆಗೆ ಸ್ವಲ್ಪ ಬಾಗುತ್ತವೆ, ಅಷ್ಟೆ. ಸ್ತಂಭದ ಎತ್ತರವನ್ನು ಮೀಟರುಗಳಲ್ಲಿ ಹಿಡಿದು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತದ ದೂರವು ಕಿಲೋಮೀಟರುಗಳಲ್ಲಿ ಬರುತ್ತದೆ. 300 ಮೀಟರಿನ ಸ್ತಂಭಕ್ಕೆ ಇದು 71. ನೆಲದಿಂದ 10 ಮೀಟರು ಮೇಲಿರುವ ಮಾಡಿನ ಏರಿಯಲ್ಲಿಗೆ 13. ಎರಡನ್ನೂ ಕೂಡಿಸಿದರೆ 84. ನೂರಕ್ಕೆ ಇನ್ನೂ 16 ಉಳಿಯಿತಲ್ಲವೆ? ಸ್ತಂಭವನ್ನು ಗುಡ್ಡದ ಮೇಲೆ ನಿಲ್ಲಿಸಿದ್ದರೆ, ಅಥವಾ ಏರಿಯಲ್ಲನ್ನು ಎತ್ತರದ ಕಟ್ಟಡದ ಮೇಲೆ ಕಟ್ಟಿದರೆ, ಈ ಕೊರತೆ ತೀರುತ್ತದೆ. ದಿಗಂತದಂಚಿನಲ್ಲಿ ವಿವರ್ತನೆಯಿಂದಲೂ ಕೊಂಚ ಶಕ್ತಿ ಕೆಳಗಿಳಿಯುತ್ತದೆ. ಬೇಸಗೆಯ ಮೊದಲಲ್ಲಿ ಸರೋವರದ ನೀರು ತಣ್ಣಗಿದ್ದು ಅದರ ಮೇಲೆ ಬೆಚ್ಚನೆಯ ಗಾಳಿ ಹರಡಿದಾಗಲಂತೂ ಒಂದು ವಿಚಿತ್ರ ನಡೆಯುತ್ತದೆ. ಮೇಲೆ ಹೋದಂತೆ ಗಾಳಿ ತಣ್ಣಗಾಗುವ ಸಾಮಾನ್ಯ ಕ್ರಮ ಆಗ ತಲೆಕೆಳಗಾಗಿ, ತರಂಗಗಳು ನೀರಿನ ಮೇಲಣ ತಣ್ಣನೆಯ ಪದರದಲ್ಲಿ ಕಾಲುವೆಯಲ್ಲಿ ಹರಿದಂತೆ ಹರಿದು ನೂರಾರು ಕಿಲೋಮೀಟರು ಸಾಗುವುದುಂಟು.

ಇದನ್ನು ಹಿಡಿಯಲು ಬೇಕಾದ ಸಾಧನವು ಅತಿ ಸರಳ. 500 ಮೆಗಾಹರ್ಟ್ಸ್ ಆವೃತ್ತಿಯ ತರಂಗದ ಉದ್ದ 60 ಸೆಂಟಿಮೀಟರು. ಅದರ ಅರ್ಧ, ಅಂದರೆ ಸುಮಾರು ಒಂದು ಅಡಿಯ ಲೋಹದ ಕಡ್ಡಿ, ಏರಿಯಲ್ಲಿನ ಮೂಲಾಂಗ. ಅದರ ಹಿಂದೆ ತುಸು ಉದ್ದವಾದ ಕಡ್ಡಿಯನ್ನೂ ಮುಂದೆ ತುಸು ಗಿಡ್ಡವಾದ ಕೆಲವು ಕಡ್ಡಿಗಳನ್ನೂ ಜೋಡಿಸಿದರೆ, 1926ರಲ್ಲಿ ಜಪಾನಿನ ಉಡಾ ಮತ್ತು ಯಾಗಿ ಎಂಬ ವಿಜ್ಞಾನಿಗಳು ಪ್ರಕಟಿಸಿದ ಏರಿಯಲ್ ಸಿದ್ಧವಾಯಿತು. ಆಸಕ್ತಿಯುಳ್ಳ ವಿದ್ಯಾರ್ಥಿಯು ಒಂದು ಭಾನುವಾರದಲ್ಲಿ ಇದನ್ನು ಮಾಡಬಲ್ಲನು.

ಹಿಂದಿನ ಟೆಲಿವಿಷನ್ನಿನಲ್ಲಿ ಸಂಕೇತ ದುರ್ಬಲವಾದರೆ ತೆರೆಯ ಮೇಲೆ ಹಿಮ ಸುರಿದಂತೆ ಚುಕ್ಕೆಗಳು ಕಾಣುತ್ತಿದ್ದುವು. ಆದರೂ ಚಿತ್ರವನ್ನು ಊಹಿಸಿಕೊಳ್ಳಬಹುದಾಗಿತ್ತು. ಅಮೆರಿಕವು 2009ರ ಜೂನ್ 12ರಂದು, ಕೆನಡಾದ ದೊಡ್ಡ ನಗರಗಳು 2011ರ ಆಗಸ್ಟ್ 31ರಂದು, ಡಿಜಿಟಲ್ ಪ್ರಸಾರಕ್ಕೆ ಬದಲಾದುವು. ಎರಡು ದೇಶಗಳೂ ಒಂದೇ ಪದ್ಧತಿಯನ್ನು ಆರಿಸಿಕೊಂಡುದು ಗಡಿಯಂಚಿನ ಪ್ರೇಕ್ಷಕನ ಭಾಗ್ಯ. 6 ಮೆಗಾಹರ್ಟ್ಸ್ ಅಗಲದ ಪಟ್ಟಿಯಲ್ಲಿ ಸೆಕೆಂಡಿಗೆ 1 ಕೋಟಿ 93 ಲಕ್ಷಕ್ಕೂ ಹೆಚ್ಚು ಬಿಟ್‌ಗಳು ಬರುತ್ತವೆ. ಸೂಕ್ಷ್ಮ ವಿವರಗಳಿಂದ ಕೂಡಿದ ಎಚ್‌ಡಿ ಚಿತ್ರಕ್ಕೆ ಇದು ಸಾಕು. ಆದರೆ ಸಂಕೇತದ ಶಕ್ತಿಯು ಗದ್ದಲದ ಶಕ್ತಿಯ ಸುಮಾರು 30 ಪಟ್ಟಿಗಿಂತ ಕೆಳಗಿಳಿದರೆ ಚಿತ್ರವು ಮಸುಕಾಗುವುದಿಲ್ಲ, ಮಾಯವಾಗುತ್ತದೆ. ಆ ಅಂಚಿನ ಮೇಲೆ ಬದುಕುವ ಟೊರಾಂಟೊದ ಹವ್ಯಾಸಿಯು ಏರಿಯಲ್ಲನ್ನು ಒಂದು ಗೇಣು ಆಚೀಚೆ ಸರಿಸಿ ಗಂಟೆಗಟ್ಟಲೆ ಪರೀಕ್ಷಿಸುವುದರಲ್ಲಿ ಆಶ್ಚರ್ಯವೇನಿದೆ?

ಇನ್ನು ಉಪಗ್ರಹದ ವಿಷಯ. ಸಮಭಾಜಕ ವೃತ್ತದ ಮೇಲೆ 35,786 ಕಿಲೋಮೀಟರು ಎತ್ತರದಲ್ಲಿ ನಿಂತ ಅಮೆರಿಕದ ಉಪಗ್ರಹವು ತನ್ನ ದೇಶಕ್ಕೆಂದು ಬಿಟ್ಟ ಕಿರಣಪುಂಜವನ್ನು ಗಡಿಯ ಗೆರೆಯಲ್ಲಿ ಕತ್ತರಿಸಿ ನಿಲ್ಲಿಸಲಾಗದು. ದಕ್ಷಿಣ ಕೆನಡಾದ ಮೇಲೆಯೂ ಅದು ಬೀಳುತ್ತದೆ. ಆದರೆ ಇಲ್ಲಿ ಸಂಕೇತಕ್ಕೆ ಬೀಗವಿದೆ, ಕೀಲಿಗೆ ಬೆಲೆಯಿದೆ. ಅಮೆರಿಕದ ಕಂಪನಿಗಳಿಗೆ ಕೆನಡಾದಲ್ಲಿ ಮಾರುವ ಅಧಿಕಾರವಿರಲಿಲ್ಲ. ಕೆಲವರು ಅಮೆರಿಕದ ವಿಳಾಸವೊಂದನ್ನು ಕೊಟ್ಟು ಪ್ರಾಮಾಣಿಕವಾಗಿಯೇ ಚಂದಾ ಕಟ್ಟಿದರು. ಇನ್ನು ಕೆಲವರು ನಕಲಿ ಕಾರ್ಡುಗಳಿಂದ ಬೀಗ ತೆರೆದರು. ಕೆನಡಾದ ಸರ್ವೋಚ್ಚ ನ್ಯಾಯಾಲಯವು 2002ರಲ್ಲಿ, ಕೆನಡಾದಲ್ಲಿ ಅಧಿಕಾರ ಪಡೆದ ವಿತರಕನ ಅನುಮತಿಯಿಲ್ಲದೆ ಗೂಢಲಿಪಿಯ ಸಂಕೇತವನ್ನು ಬಿಡಿಸುವುದು ನಿಷಿದ್ಧವೆಂದು ಕಾನೂನನ್ನು ಅರ್ಥೈಸಿತು. ಹಣ ತೆತ್ತವನನ್ನೂ ತೆರದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಿದುದು ಕಠಿಣವೆಂದು ನನಗೆ ತೋರುತ್ತದೆ. ಆದರೂ ಚಂದಾದಾರರಿಗೆಂದೇ ನಡೆಸುವ ಸೇವೆಗೆ ಬೀಗವಿರುವುದನ್ನು ನಾನು ಆಕ್ಷೇಪಿಸಲಾರೆ.

ಉಪಗ್ರಹವೆಂದರೆ ಬೀಗ ಇರಲೇಬೇಕೆಂದೇನೂ ಇಲ್ಲ. 1975ರ ಆಗಸ್ಟಿನಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹವು ಭಾರತದ 2400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ತಲುಪಿಸಿತು. ನಮ್ಮ ರಾಯಚೂರು, ಬಿಜಾಪುರ, ಗುಲ್ಬರ್ಗ ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದುವು. ತಂತಿಯ ಬಲೆಯಿಂದ ಮಾಡಿದ 3 ಮೀಟರು ಅಗಲದ ಬೋಗುಣಿಯೊಂದಿದ್ದರೆ ಸಾಕಾಗುತ್ತಿತ್ತು. ಭೂಸ್ಥಿರ ಉಪಗ್ರಹಗಳಿಂದ ಪ್ರಸಾರ ಸಾಧ್ಯವೆಂದು 1945ರಲ್ಲಿಯೇ ಬರೆದಿದ್ದ ಆರ್ಥರ್ ಕ್ಲಾರ್ಕ್ ಆಗ ಶ್ರೀಲಂಕೆಯಲ್ಲಿದ್ದರು. ಭಾರತದ ವಿಜ್ಞಾನಿಗಳು ಒದಗಿಸಿದ ಗ್ರಾಹಕದಿಂದ, ನಮ್ಮ ಹಳ್ಳಿಗಳಿಗೆಂದು ಬಿಟ್ಟ ಆ ಚಿತ್ರಗಳನ್ನು ಅವರು ಕೊಲಂಬೊದ ತಮ್ಮ ಮನೆಯಲ್ಲಿ ಕುಳಿತು ನೋಡಿದರು. ಅದರಿಂದ ರಾಯಚೂರಿನ ರೈತನ ಪಾಲಿನ ಚಿತ್ರವೇನೂ ಕಡಿಮೆಯಾಗಲಿಲ್ಲ!

ಇನ್ನು, ಕೆನಡಾದ ಪ್ರಸಾರಕರ ವಾದವನ್ನೂ ಕೇಳಬೇಕು. ಅಮೆರಿಕದ ಕಾರ್ಯಕ್ರಮವನ್ನು ತಮ್ಮ ದೇಶದಲ್ಲಿ ಪ್ರಸಾರ ಮಾಡುವ ಹಕ್ಕನ್ನು ಅವರು ಹಣ ಕೊಟ್ಟು ಕೊಂಡಿರುತ್ತಾರೆ. ಜನರು ಬಫಲೊವನ್ನೇ ನೋಡಿದರೆ ಜಾಹೀರಾತಿನ ವರಮಾನ ಸೋರಿಹೋಗುತ್ತದೆ. ಚಿಕ್ಕ ಜನಸಂಖ್ಯೆಯ ದೇಶವೊಂದು ದೈತ್ಯ ನೆರೆಯ ಪಕ್ಕದಲ್ಲಿ ತನ್ನ ದನಿಯನ್ನು ಉಳಿಸಿಕೊಳ್ಳಬೇಕೆಂಬ ಹಂಬಲವೂ ಅದರ ಹಿಂದೆ ಇದೆ, ಅದು ಗೌರವಾರ್ಹ. ಇದಕ್ಕಾಗಿ ಅಲ್ಲಿಯ ಕೇಬಲ್ ಕಂಪನಿಗಳು, ಒಂದೇ ಕಾರ್ಯಕ್ರಮ ಎರಡೂ ಕೇಂದ್ರಗಳಲ್ಲಿ ಏಕಕಾಲಕ್ಕೆ ಬಂದಾಗ, ಅಮೆರಿಕದ ವಾಹಿನಿಯ ಸ್ಥಾನದಲ್ಲಿ ಕೆನಡಾದ ಪ್ರಸಾರವನ್ನೇ ತೋರಿಸುವ ಏರ್ಪಾಡಿದೆ. ಸೂಪರ್ ಬೌಲ್ ಎಂಬ ಫುಟ್ಬಾಲ್ ಪಂದ್ಯದ ಅಮೆರಿಕನ್ ಜಾಹೀರಾತುಗಳನ್ನು ನೋಡಬಯಸುವ ಜನರ ಸಲುವಾಗಿ ನಿಯಂತ್ರಣ ಮಂಡಲಿಯು ಆ ಒಂದು ಪಂದ್ಯಕ್ಕೆ 2017ರಲ್ಲಿ ವಿನಾಯಿತಿ ತಂದಿತು. 2019ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಆಜ್ಞೆಯನ್ನು ರದ್ದುಮಾಡಿತು. ಈ ವ್ಯಾಜ್ಯದುದ್ದಕ್ಕೂ ಮಾಡಿನ ಮೇಲೆ ಏರಿಯಲ್ ಇದ್ದವನು ಬಫಲೊದಿಂದ ಬಂದ ಮೂಲ ಚಿತ್ರವನ್ನೇ ನೋಡುತ್ತಿದ್ದನೆಂಬುದು ಬೇರೆ ಮಾತು. ವ್ಯಾಪಾರವನ್ನು ವ್ಯಾಪಾರದ ನಿಯಮಗಳಿಂದ ಆಳಲಿ; ಮನೆಯ ಮೇಲೆ ತಾನಾಗಿ ಬಂದು ಬೀಳುವ ತೆರೆದ ತರಂಗಕ್ಕೆ ಕಡ್ಡಿಯೊಡ್ಡುವವನ ಗೊಡವೆ ಬೇಡ.

ನನ್ನ ಆತಂಕವಿರುವುದು ಮುಂದಿನ ದಿನಗಳ ಬಗೆಗೆ. ಎಟಿಎಸ್‌ಸಿ 3.0 ಎಂಬ ಹೊಸ ಪ್ರಸಾರ ಪದ್ಧತಿ ಅಮೆರಿಕದಲ್ಲಿ ಬಳಕೆಗೆ ಬಂದಿದೆ. ತಾಂತ್ರಿಕವಾಗಿ ಅದು ಉತ್ತಮವಾದುದು. ಆದರೆ ಆ ಪದ್ಧತಿಯಲ್ಲಿ ನೆಲದ ಮೇಲಣ ಉಚಿತ ಪ್ರಸಾರವನ್ನೂ ಗೂಢಲಿಪಿಯಲ್ಲಿಡಲು ಸಾಧ್ಯವಿದೆ, ಮತ್ತು ಅನೇಕ ಕೇಂದ್ರಗಳು ಹಾಗೆ ಮಾಡತೊಡಗಿವೆ. ಅಂಥ ಪ್ರಸಾರವನ್ನು ನೋಡಲು ಒಪ್ಪಿಗೆ ಪಡೆದ ಗ್ರಾಹಕವೇ ಬೇಕು. ಭೂಮಿಯ ದುಂಡುತನ, ಸರೋವರ, ಗಡಿ ಇವು ಯಾವುವೂ ತಡೆಯಲಾರದ ಚಿತ್ರವನ್ನು ಒಂದು ಗಣಿತದ ಕೀಲಿಯು ತಡೆಯಬಲ್ಲದು. ಟೊರಾಂಟೊದವನನ್ನು ಮಾತ್ರವಲ್ಲ, ಸ್ವಂತ ಕೈಯಿಂದ ಗ್ರಾಹಕವನ್ನು ಕಟ್ಟುವ ಬಫಲೊದ ವಿದ್ಯಾರ್ಥಿಯನ್ನೂ.

ಅಕ್ರಮ ಪ್ರತಿಗಳನ್ನು ತಡೆಯಲು ಇದು ಅಗತ್ಯವೆಂದು ಪ್ರಸಾರಕರು ಹೇಳುತ್ತಾರೆ. ಆದರೆ ಕೇಂದ್ರಕ್ಕೆ ಆ ಆವೃತ್ತಿಯ ಪಟ್ಟಿಯನ್ನು ಸರ್ಕಾರವು ಕೊಟ್ಟಿರುವುದು ಸಾರ್ವಜನಿಕರ ಹಿತಕ್ಕಾಗಿ ಎಂಬ ಕರಾರಿನ ಮೇಲೆ. ಚಂದಾ ಪಡೆಯುವ ಉಪಗ್ರಹದ ನ್ಯಾಯ ಇದಕ್ಕೆ ಸಲ್ಲದು. ಬೀಗ ಹಾಕುವವರು ಆ ಪಟ್ಟಿಗೆ ಬಾಡಿಗೆ ತೆರಲಿ, ಇಲ್ಲವೆ ತೆರೆದಿಡಲಿ ಎಂದು ಅಮೆರಿಕದ ನಿಯಂತ್ರಕರು ವಿಧಿಸಬೇಕೆಂಬುದು ನನ್ನ ಅಭಿಪ್ರಾಯ. ಅಲ್ಲದೆ ಈ ಕೀಲಿಯನ್ನು ಪಡೆಯಲು ಕೆಲವು ಗ್ರಾಹಕಗಳಿಗೆ ಅಂತರ್ಜಾಲದ ಸಂಪರ್ಕ ಬೇಕಾಗುತ್ತದೆ. ಹಿಮದ ಬಿರುಗಾಳಿಗೆ ಬಫಲೊ ಹೆಸರಾದ ಊರು. ಅಂಥ ಒಂದು ರಾತ್ರಿ ತಂತಿಗಳೆಲ್ಲ ಕಡಿದುಬಿದ್ದಾಗ, ಸ್ತಂಭದಿಂದ ನೇರವಾಗಿ ಬರುವ ಎಚ್ಚರಿಕೆಯ ಮಾತನ್ನು ಕೇಳಲು ಆ ಪೆಟ್ಟಿಗೆಯು ಮೊದಲು ಯಾರ ಅನುಮತಿಗಾಗಿ ಕಾಯಬೇಕು?